ಇಪ್ಪತ್ತೊಂದು ತಂಬಗಿಯ ರೋಬೋಟು

ಇವತ್ತ ಮುಂಜಾನೆ ಐದೂವರಿಗೆ ಬಾಜು ಮನಿ ಕಾಕಾರ ದನಿ ಕೇಳಿ ಎಚ್ಚರಾತು. "ಏ ತಮ್ಮಾ, ನಿಮ್ಮ ರೋಬೋಟು ನಮ್ಮ ಗೇಟಿನ ತನಕ ಬಂದೈತಿ ನೋಡೋ!"

ಹಾಸಿಗ್ಯಾಗ ಅರ್ಧಾ ಎದ್ದವ ಖರೇ ಹೇಳಬೇಕಂದ್ರ ಒಂದ್ ಕ್ಷಣ ಖುಷಿಪಟ್ಟೆ. ಯಾಕಂದ್ರ ಆ ರೋಬೋಟು ಹುಟ್ಟಿದಾಗಿಂದ ಸೀದಾ ಆರು ಫೂಟು ಹೋಗಿದ್ದಿಲ್ಲ, ಅಂಥಾದ್ದು ಕಾಕಾರ ಗೇಟು ಮುಟ್ಟೈತಿ ಅಂದ್ರ ಸಣ್ಣ ಮಾತಲ್ಲ. ಹೊರಗ ಬಂದು ನೋಡಿದ್ರ ರೋಬೋಟು ಎಲ್ಲಿ ಇಟ್ಟಿದ್ನೋ ಅಲ್ಲೇ ಕುಂತಿತ್ತು. ಹೋಗಿದ್ದು ನೀರು. ಇನ್ನೂರು ಲೀಟರಿನ ಬ್ಯಾರಲ್ ತಳಾ ಕಾಣಾಕತ್ತಿತ್ತು, ನಮ್ಮ ಅಂಗಳ ಗದ್ದಿ ಆಗಿತ್ತು, ಒಂದು ಸಣ್ಣ ಹಳ್ಳ ಗೇಟಿನ ಕೆಳಗ ಹಾದು ಕಾಕಾರ ಮನಿ ಕಡೆ ಆರಾಮಾಗಿ ಹೊಂಟಿತ್ತು.

ನಮ್ಮ ಓಣ್ಯಾಗ ನಳ ಬರೋದು ಆರು ದಿನಕ್ಕೊಮ್ಮೆ. ಮೊನ್ನೆ ಬಂದು ಹೋಗೈತಿ. ಲೆಕ್ಕಾ ನೀವ ಹಾಕ್ಕೋರಿ. ಹುಬ್ಬಳ್ಳಿ-ಧಾರವಾಡದಾಗ ಕೆಲವು ಓಣಿಗೆ 2008ರ ಸುಮಾರಿಗೇ 24 ತಾಸು ನೀರು ಶುರುವಾತು, ಆ ಪುಣ್ಯವಂತರಿಗೆ ಈ ಸಂಕಟ ತಿಳಿಯಂಗಿಲ್ಲ. ಉಳಿದವರಿಗೆ ನಾ ಹೇಳೋದೇ ಬ್ಯಾಡ, ನಳ ಬರೋ ದಿನ ಮದುವಿಗೆ ಹೋಗೋದು ಬಿಟ್ಟು ಮನ್ಯಾಗ ಕುಂತವರು ನೀವು. ಸವದತ್ತಿ ಕಡಿಂದ ಮಲಪ್ರಭಾ ನೀರು ಪೈಪಿನ್ಯಾಗ ಅಷ್ಟು ದೂರ ಬಂದು, ವಾಲ್ವು ದಾಟಿ, ನಮ್ಮ ಬ್ಯಾರಲ್ ಸೇರಿ, ಒಂದ ರಾತ್ರ್ಯಾಗ ಕಾಕಾರ ಗೇಟಿಗೆ ಹೋತಲ್ಲ, ಅದಕ್ಕ ಹೊಟ್ಟಿ ಉರೀತೈತಿ.

ಮನಿಯಾಕಿ ಕಸಬರಿಗಿ ಹಿಡಕೊಂಡು ಬಾಗಲಾಗ ನಿಂತಿದ್ಲು. ಏನೂ ಅನಲಿಲ್ಲ. ಏನರೆ ಅಂದಿದ್ರ ಛಲೋ ಇತ್ತು.

ಇದು ಶುರುವಾಗಿದ್ದು ಏಪ್ರಿಲ್‌ದಾಗ. ಮನಿಯಾಕಿ ಕಡೆಯವರ ಮದುವಿ ಅಂತ ಎಲ್ಲಾರೂ ಕೂಡಿ ಹಾವೇರಿಗೆ ಹೋಗಿ ನಾಕು ದಿನ ಬಿಟ್ಟು ಬಂದ್ರ ಕರಿಬೇವು ಕಡ್ಡಿ ಆಗಿತ್ತು, ಮಲ್ಲಿಗಿ ಬಳ್ಳಿ ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದಂಗ ಜೋತು ಬಿದ್ದಿತ್ತು. ನಮ್ಮದು ಎರಿ ಮಣ್ಣು, ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರಕು ಬಿಡತೈತಿ, ಆ ಬಿರಕಿನ್ಯಾಗ ನಮ್ಮ ಹುಡುಗನ ಹವಾಯಿ ಚಪ್ಪಲಿ ಒಂದು ಅರ್ಧಾ ಇಳದು ನಿಂತಿತ್ತು. ಆವತ್ತ ರಾತ್ರಿ ಫೋನಿನ್ಯಾಗ ಒಂದು ವಿಡಿಯೋ ನೋಡಿದೆ. ಯಾವನೋ ಒಬ್ಬಾವ ಮನ್ಯಾಗ ಬಿದ್ದ ಸಾಮಾನಿನಿಂದ ತಾನ ಓಡ್ಯಾಡಿ ಗಿಡಕ್ಕ ನೀರ ಹಾಕೋ ರೋಬೋಟು ಮಾಡಿದ್ದ. ಹನ್ನೊಂದು ನಿಮಿಷದಾಗ ಮಾಡಿ ಮುಗಿಸಿದ್ದ. ನನಗ ಹನ್ನೊಂದು ನಿಮಿಷ ಬ್ಯಾಡ, ಎರಡು ರವಿವಾರ ಸಾಕು ಅಂದ್ಕೊಂಡೆ.

ಅಟ್ಟದ ಮ್ಯಾಲಿಂದ ಹುಡುಗನ ಹಳೇ ಮೂರು ಗಾಲಿ ಸೈಕಲ್ ಇಳಸಿದೆ, ಕೆಟ್ಟ ಕೂಲರಿನ ಪಂಪ್ ಬಿಚ್ಚಿದೆ, ಹಳೇ ಹುಬ್ಬಳ್ಳಿ ಕಡೆ ಒಂದು ಗುಜರಿ ಅಂಗಡ್ಯಾಗ ಕಾರಿನ ವೈಪರ್ ಮೋಟರ್ ಎರಡು ತಗೊಂಡೆ. ಆ ಪುಣ್ಯಾತ್ಮ ಎರಡು ಬ್ಯಾರೆ ಬ್ಯಾರೆ ಕಾರಿನವು ಕೊಟ್ಟಿದ್ದ, ನಾ ನೋಡಲಿಲ್ಲ, ಇದನ್ನ ನೆನಪಿಟ್ಕೋರಿ, ಮುಂದ ಬರತೈತಿ. ಹೊಸಾದು ಅಂತ ತಗೊಂಡಿದ್ದು ಬ್ಯಾಟರಿ, ಸೆನ್ಸರ್, ರಿಲೇ (ಬೋರ್ಡು ಹೇಳಿದಂಗ ಚಾಲೂ ಬಂದ್ ಆಗೋ ಸ್ವಿಚ್ಚು), ಮ್ಯಾಲೆ ಆರ್ಡುಯಿನೊ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು. ಆ ಬೋರ್ಡಿನ ಕೋಡಿಗೆ ಇರೋ ಜಾಗಾ ಬರೇ 32 ಕೆಬಿ, ಫೋನಿಗೆ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋನೂ ಅದರಾಗ ಹಿಡಸಂಗಿಲ್ಲ, ಆದ್ರೂ ಗಿಡಕ್ಕ ನೀರ ಹಾಕಾಕ ಅಷ್ಟು ಬುದ್ಧಿ ಬೇಕಾದಷ್ಟಾತು. ಅವ್ವಗ ಅಷ್ಟೂ ಬೇಕಾಗಿಲ್ಲ ಅನ್ನೋದು ಬ್ಯಾರೆ ಮಾತು.

ಬೋರ್ಡು ಇಡಾಕ ಒಂದು ಡಬ್ಬಿ ಬೇಕಿತ್ತು. ಅಟ್ಟದ ಮ್ಯಾಲ ಅಪ್ಪನ ಟ್ರಾನ್ಸಿಸ್ಟರ್ ಇತ್ತು, ಅದರ ಹೊಟ್ಟಿ ಖಾಲಿ ಮಾಡಿ ಅದರಾಗ ಕುಂದರಿಸಿದೆ.

ಈಗ ಕಾಕಾರ ವಿಷಯ. ರಿಟೈರ್ ಆಗ್ಯಾರ, ಮುಂಜಾನೆ ಚಾ ಕುಡದು, ಕೈ ಬೆನ್ನಿಗೆ ಕಟ್ಟಿ, ನಮ್ಮ ಕಂಪೌಂಡಿಗೆ ಬಂದು ನಿಂದರತಾರ. ಮದಲನೇ ದಿನ ಕೇಳಿದ್ರು, "ಇದು ಏನ್ ಮಾಡತೈತಿ?" ಗಿಡಕ್ಕ ನೀರ ಹಾಕತೈತ್ರಿ ಕಾಕಾ ಅಂದೆ. "ತಂಬಗಿಲೆ ಹಾಕಿದ್ರ ಆಗೂದಿಲ್ಲೇನ?" ಅಂದ್ರು. ಅದರ ಮ್ಯಾಲೆ "ಎಷ್ಟಾತು?" ನಾ ಹೇಳಬಾರದಿತ್ತು. ಹೇಳಿದೆ. ಬೋರ್ಡಿಗೆ 450. ಕಾಕಾ ಮುಗಿಲ ನೋಡಿ ಲೆಕ್ಕಾ ಹಾಕಿ, "ಸ್ಟೀಲಿನ ತಂಬಗಿ ನೂರಾ ಐವತ್ತಕ್ಕೊಂದು ಬರತೈತಿ, ಅಂದ್ರ ಮೂರು ತಂಬಗಿ" ಅಂದ್ರು. ಆವತ್ತಿಂದ ನಮ್ಮ ಕಂಪೌಂಡಿನ್ಯಾಗ ರೂಪಾಯಿ ಚಲಾವಣಿ ನಿಂತು ತಂಬಗಿ ಶುರುವಾತು. ಬ್ಯಾಟರಿ ಬಂದಾಗ "ಒಂಬತ್ತು ತಂಬಗಿ ಆದ್ವು." ವೈಪರ್ ಮೋಟರ್ ಬಂದಾಗ "ಹದಿಮೂರು." ನಾ ಸಾಮಾನಿನ ಚೀಲ ಅಂಗಿ ಒಳಗ ಮುಚ್ಚಿಟ್ಕೊಂಡು ಗೇಟು ದಾಟೋ ಪರಿಸ್ಥಿತಿ ಬಂತು. ಹದಿನೈದಾದಾಗ ಮೋಟರ್ ಡ್ರೈವರ್ ಹಚ್ಚಿದೆ, ಮೋಟರಿನ ವೇಗ ಹೆಚ್ಚು ಕಡಿಮಿ ಮಾಡೋ ಸಣ್ಣ ಬೋರ್ಡು ಅದು. ಅದು ತಾಳೋದು ಒಂದು ಕಡೆಗೆ 2 ಆಂಪಿಯರ್, ವೈಪರ್ ಮೋಟರ್ ತಿನ್ನೋದು ಅದಕ್ಕಿಂತ ಭಾಳ. ಮದಲನೇದು ಸುಟ್ಟು ಹೊಗಿ ಬಂತು. ಎರಡನೇದು ತಂದೆ, ಅದೂ ಸುಡ್ತು. "ಹದಿನೇಳು" ಅಂತ ಕಂಪೌಂಡಿನಿಂದ ದನಿ ಬಂತು, ಅವರು ಈ ಕಡೆ ನೋಡಿದ್ದೂ ಇಲ್ಲ, ವಾಸನಿ ಮ್ಯಾಲೆ ಲೆಕ್ಕಾ ಹಾಕಿದ್ರು.

ಡ್ರೈವರಿನ ಆಸೆ ಬಿಟ್ಟು ಮೋಟರ್ ಸೀದಾ ರಿಲೇಕ್ಕ ಹಚ್ಚಿದೆ. ಆ ರಿಲೇ ಇನ್ನೊಂದು ತಲಿನೋವು, ಅದಕ್ಕ ಚಾಲೂ ಅಂದ್ರ ಬಂದ್ ಆಗತೈತಿ, ಬಂದ್ ಅಂದ್ರ ಚಾಲೂ ಆಗತೈತಿ, ನಮ್ಮ ಹುಡುಗನ ಸ್ವಭಾವನ. ಇರಲಿ, ಅದನ್ನ ಉಲ್ಟಾ ಹೇಳಿ ದಾರಿಗೆ ತಂದೆ. ಆದ್ರ ರಿಲೇದಾಗ ವೇಗ ಹೆಚ್ಚು ಕಡಿಮಿ ಮಾಡಾಕ ಬರೂದಿಲ್ಲ. ಹಚ್ಚಿದ್ರ ಪೂರಾ, ಇಲ್ಲಾಂದ್ರ ಇಲ್ಲ.

ಒಂದು ರವಿವಾರ ಮುಂಜಾನೆ ಉದ್ಘಾಟನೆ ಇಟ್ಟೆ. ಅವ್ವ ಅರಿಷಿಣ ಕುಂಕುಮ ಹಚ್ಚಿ ನಿಂಬಿಕಾಯಿ ಗಾಲಿ ಕೆಳಗ ಇಟ್ಲು. ಬಟನ್ ಒತ್ತಿದೆ. ನಿಂಬಿಕಾಯಿ ಚಪ್ಪಟಿ ಆತು, ರೋಬೋಟು ಹೊಂಟಿತು, ಎಲ್ಲಾರೂ ಚಪ್ಪಾಳಿ ತಟ್ಟಿದ್ವಿ. ಸೀದಾ ಕರಿಬೇವಿನ ಕಡೆ ಹೋಗಬೇಕಾದ್ದು ನಾಕು ಫೂಟು ಹೋಗಿ ಎಡಕ್ಕ ಹೊಳ್ಳಿತು. ಬಲಗಡೆ ಮೋಟರ್ ಜೋರು, ಎಡಗಡೆದು ಮೆತ್ತಗ. ಎರಡು ಕಾರಿನವು ನೋಡ್ರಿ, ಹೇಳಿದ್ನಲ್ಲ. ಹೊಳ್ಳಿ ಹೊಳ್ಳಿ ಸರಿಯಾಗಿ ತುಳಸಿಕಟ್ಟಿ ಸುತ್ತ ತಿರಗಾಕ ಹತ್ತಿತು. ಒಂದು ಸುತ್ತು. ಎರಡು ಸುತ್ತು. ನಾ ಹಿಡಿಯಾಕ ಹ್ವಾದೆ, ಅದಕ್ಕ ಮುಂದ ಏನರೆ ಬಂದ್ರ ನಿಂದರೋ ಸೆನ್ಸರ್ ಹಚ್ಚಿದ್ದೆ, ನಿಂತಿತು, ನಾ ಸರದೆ, ಮತ್ತ ಹೊಂಟಿತು. ಕಾಕಾ ಕಂಪೌಂಡಿನಾಚೆ ಚಪ್ಪಲಿ ಬಿಟ್ಟು ಕೈಮುಗದು ನಿಂತಿದ್ರು, ಚ್ಯಾಷ್ಟಿಗೋ ಖರೇನೋ ಇವತ್ತಿಗೂ ನನಗ ಗೊತ್ತಿಲ್ಲ. ಮೂರನೇ ಸುತ್ತಿಗೆ ಅವ್ವನ ಮಾರಿ ಸಣ್ಣದಾತು.

"ಏ, ಅಪ್ರದಕ್ಷಿಣಿ ಹಾಕಾಕತ್ತೈತಲ್ಲೋ ಅದು!"

ನೋಡಿದ್ರ ಹೌದು. ಎಡಕ್ಕ ಹೊಳ್ಳತಿತ್ತಲ್ಲ, ಉಲ್ಟಾ ಸುತ್ತತಿತ್ತು. ಮನ್ಯಾಗ ಮುತ್ತೈದೇರು ದಿನಾ ಪೂಜಿ ಮಾಡೋ ತುಳಸಿ, ಅದಕ್ಕ ಒಂದು ವೈಪರ್ ಮೋಟರ್ ಬಂದು ಅಪ್ರದಕ್ಷಿಣಿ ಹಾಕೂದಂದ್ರೇನು. ಬ್ಯಾಟರಿ ವಯರ್ ಕಿತ್ತು ನಿಂದರಿಸಿದೆ. ಅವ್ವ ಮಧ್ಯಾಹ್ನ ಊಟಾ ಸರಿ ಮಾಡಲಿಲ್ಲ. ಸೀದಾ ಹೋಗಂಗ ಮಾಡೋದು ನನ್ನ ಕೈಲೆ ಆಗೂದಿಲ್ಲ ಅನ್ನೋದು ಅಷ್ಟೊತ್ತಿಗೆ ಖಾತ್ರಿ ಆಗಿತ್ತು, ಹಿಂಗಾಗಿ ಸಂಜಿಮುಂದ ಎರಡೂ ಮೋಟರ್ ಬಿಚ್ಚಿ, ಎಡದ್ದು ಬಲಕ್ಕ, ಬಲದ್ದು ಎಡಕ್ಕ ಹಾಕಿದೆ. ಈಗ ಬಲಕ್ಕ ಹೊಳ್ಳಿ ಶಾಸ್ತ್ರೋಕ್ತ ಪ್ರದಕ್ಷಿಣಿ ಹಾಕಿತು. ಅವ್ವ ದೀಪಾ ಹಚ್ಚಿ, "ಈಗ ರಿಪೇರಿ ಆತು ನೋಡು" ಅಂದ್ಲು. ಆಕಿ ಲೆಕ್ಕದಾಗ ಯಂತ್ರಕ್ಕ ಇದ್ದಿದ್ದು ಅದೊಂದ ದೋಷ. ಮುಂದ ಎರಡು ದಿನ ಓಣಿ ಹುಡುಗೂರು ಬಂದು "ಅಂಕಲ್, ಅದಕ್ಕ ಒಂದು ಸುತ್ತು ಹಾಕಾಕ ಹಚ್ರೀ" ಅನ್ನೋರು. ಕರಿಬೇವಿಗೆ ಮಾತ್ರ ಒಂದು ಹನಿ ನೀರು ಮುಟ್ಟಲಿಲ್ಲ.

ಗಾಲಿ ಬಿಚ್ಚಿದೆ. ಓಡ್ಯಾಡೂದು ಬ್ಯಾಡ, ಒಂದ ಕಡೆ ಕುಂತು ಕೆಲಸಾ ಮಾಡಲಿ. ಬ್ಯಾರಲ್ ಕಟ್ಟಿ ಮ್ಯಾಲ, ಬ್ಯಾರಲ್ ತಳದಾಗ ಪಂಪ್ (ಕೂಲರಿಂದು ತುಕ್ಕು ಹಿಡದಿತ್ತು, ಹೊಸಾದು, ಎರಡು ತಂಬಗಿ), ಅಲ್ಲಿಂದ ಗಿಡಕ್ಕ ಪೈಪು, ಮಲ್ಲಿಗಿ ಬುಡಕ್ಕ ಎರಡು ಕಾಲಿನ ಸೆನ್ಸರ್. ಮಣ್ಣು ಒಣಗಿದ್ರ ಅದು 1023ರ ಹತ್ತಿರ ತೋರಸತೈತಿ, ಹಸಿ ಇದ್ರ 300ರ ಆಜುಬಾಜು. 700 ದಾಟಿ ಹತ್ತು ನಿಮಿಷ ಹಂಗ ಇದ್ರ ಪಂಪ್ ಚಾಲೂ, ಒಂದು ನಿಮಿಷ ಬಿಟ್ಟು ಬಂದ್. ಇಷ್ಟ ಕೋಡು. ಒಟ್ಟು ಇಪ್ಪತ್ತೊಂದು ತಂಬಗಿ.

ಎರಡು ವಾರ ಪಂಪ್ ಚಾಲೂ ಆಗಲಿಲ್ಲ.

ಮೇ ತಿಂಗಳ ಬಿಸಲು, ಡಾಂಬರ ಮೆತ್ತಗಾಗೋ ಹೊತ್ತು, ಸೆನ್ಸರ್ ಮಾತ್ರ 310, 320 ಅನ್ನತೈತಿ. ಕೋಡ್ ಮೂರು ಸಲ ಹೊಸದಾಗಿ ಬರದೆ. ಇಂಥಾ ಸೆನ್ಸರಿಗೆ ಸತತ ಕರೆಂಟ್ ಕೊಟ್ರ ಅದರ ತಾಮ್ರ ಮಣ್ಣಾಗ ಕರಗಿ ಒಂದು ಕಾಲು ಸವದು ಹೋಗತೈತಿ, ಅದಕ್ಕ ಹಂಗ ಆಗೇತೇನೋ ಅಂತ ಹೊಸಾದು ಹಾಕಿದೆ (ಕಾಕಾಗ ಹೇಳಲಿಲ್ಲ). ಇನ್ನೊಂದು ವಿಚಿತ್ರ ಅಂದ್ರ ದಿನಾ ಮುಂಜಾನೆ ಐದರ ಸುಮಾರಿಗೆ ನಂಬರು ಒಮ್ಮೆಲೆ 1023ಕ್ಕ ಜಿಗದು ಎರಡು ನಿಮಿಷ ಇದ್ದು ಮತ್ತ 300ಕ್ಕ ಇಳೀತಿತ್ತು. ಲೂಜ್ ಕನೆಕ್ಷನ್ ಅಂತ ತಿಳಕೊಂಡು ಮೂರು ಸಲ ಬೆಸಗಿ ಹಾಕಿದೆ, ಒಮ್ಮೆ ಬೆರಳೂ ಸುಟ್ಕೊಂಡೆ. ಕಡೀಕ ಒಂದು ದಿನ ನಾಕೂವರಿಗೆ ಅಲಾರಂ ಇಟ್ಟು, ಕತ್ತಲದಾಗ ಪಡಸಾಲ್ಯಾಗ ಲ್ಯಾಪ್‌ಟಾಪ್ ತೊಡಿ ಮ್ಯಾಲ ಇಟ್ಕೊಂಡು ಕುಂತೆ. ಐದಕ್ಕ ಹತ್ತು ನಿಮಿಷ ಇತ್ತು, 1023 ಬಂತು. ಕಿಡಕ್ಯಾಗ ಹಣಿಕಿ ಹಾಕಿದೆ.

ಅವ್ವ. ಒಂದು ಕೈಯಾಗ ತಂಬಗಿ, ಇನ್ನೊಂದು ಕೈಯಾಗ ನನ್ನ ಸೆನ್ಸರ್. ಮಣ್ಣಿಂದ ಹಗೂರಕ ಕಿತ್ತು ಎತ್ತಿ ಹಿಡದು, ರಾತ್ರಿ ಇಟ್ಟ ಅಕ್ಕಿ ತೊಳದ ನೀರು ಮಲ್ಲಿಗಿ ಬುಡಕ್ಕ ಸುರವಿ, ಸೆನ್ಸರ್ ಸೆರಗಿನಿಂದ ಒರಸಿ, ಮತ್ತ ಅದೇ ತೂತಿನ್ಯಾಗ ಚುಚ್ಚಿದ್ಲು. ಕರೆಂಟಿನ ಸಾಮಾನು, ತೊಯ್ದ್ರ ಕೆಡತೈತಿ ಅಂತ ಕಾಳಜಿ.

"ಏನ್ ಮಾಡಾಕತ್ತೀಬೇ?" ಅಂದೆ.

ತಂಬಗಿ ಮರಿ ಮಾಡಿದ್ಲು. ಆಮ್ಯಾಲ ಸಣ್ಣ ದನೀಲೆ ಅಂದ್ಲು, "ಅಷ್ಟು ರೊಕ್ಕಾ ಹಾಕಿ ಮಾಡೀದಿ. ಅದಕ್ಕ ನೀರ ಹಾಕಾಕ ಬರೂದಿಲ್ಲ ಅಂತ ಬಾಜೂ ಮನ್ಯಾಗ ಗೊತ್ತಾದ್ರ ಛಲೋ ಕಾಣತೈತೇನೋ? ಅದಕ್ಕ ಅವರು ಏಳೋದ್ರಾಗ ನಾ ಹಾಕಿ ಬಿಡ್ತೀನಿ."

ಎರಡು ವಾರ ಸೆನ್ಸರ್ ಖರೇನ ಹೇಳಿತ್ತು. ಅದಕ್ಕ ಮಾಡಾಕ ಕೆಲಸಾ ಇದ್ದಿದ್ದಿಲ್ಲ ಅಷ್ಟ.

ಅಪ್ಪ ಇದ್ದಾಗ ಈ ನೀರ ಹಾಕೋದು ಅವಂದು. ಟ್ರಾನ್ಸಿಸ್ಟರ್ ಕಟ್ಟಿ ಮ್ಯಾಲ ಇಟ್ಟು, ಧಾರವಾಡ ಆಕಾಶವಾಣಿ ಶುರುವಾಗೋ ಆ ರಾಗ ಬರೋದ್ರಾಗ ಮಲ್ಲಿಗಿದು ಮುಗದು ಕರಿಬೇವಿಗೆ ಬಂದಿರತಿದ್ದ. ಡಬ್ಬಿ ಖಾಲಿ ಮಾಡೋ ಮುಂದ ಒಳಗ ಎರಡು ಸೆಲ್ ಇದ್ವು, ಸೋರಿ ಹಸರ ಆಗಿದ್ವು. ಅಪ್ಪಗ ಸೆಲ್ ಹಾಕಿದ ತಾರೀಖು ಬಾಲ್‌ಪೆನ್ನಿನಿಂದ ಅದರ ಮ್ಯಾಲೆ ಬರಿಯೋ ಚಟಾ, ಅಂಗಡ್ಯಾವ ಎಷ್ಟು ದಿನಾ ಬರೋ ಮಾಲು ಕೊಟ್ಟಾನ ಅಂತ ನೋಡಾಕ. 12-6-09 ಅಂತ ಇತ್ತು. ಅದನ್ನ ನಾ ಗುಜರಿಗೆ ಹಾಕಲಿಲ್ಲ, ಯಾಕಂತ ಕೇಳಬ್ಯಾಡ್ರಿ, ಟೇಬಲ್ ಖಾನ್ಯಾಗ ಐತಿ.

ಅವ್ವಗ ಮಾತ್ರ ಕೈಮುಗದು ಹೇಳಿದೆ, ಇನ್ನ ನೀರ ಹಾಕಬ್ಯಾಡಬೇ, ಅದಕ್ಕ ಒಂದು ಛಾನ್ಸ್ ಕೊಡು. ಹೂಂ ಅಂದ್ಲು. ಮರದಿನ ಮುಂಜಾನೆ ನಂಬರು 305.

ನಿನ್ನೆ ಮುಂಜಾನೆ ಅವ್ವ ನಸಿಕಿನ್ಯಾಗ ಎದ್ದು ಅಕ್ಕನ ಮನಿಗೆ ಗದಗಿಗೆ ಹ್ವಾದ್ಲು, ಗಡಿಬಿಡ್ಯಾಗ ತಂಬಗಿ ಮುಟ್ಟಲಿಲ್ಲ. ನನ್ನ ರೋಬೋಟಿಗೆ ಜನ್ಮದಾಗ ಮದಲನೇ ಸಲ ಛಾನ್ಸ್ ಸಿಕ್ತು. ಹಗಲೆಲ್ಲಾ ಬಿಸಲಿಗೆ ಮಣ್ಣು ಬಿರಕು ಬಿಟ್ಟೈತಿ, ಸೆನ್ಸರಿನ ಕಾಲಿಗೆ ಮಣ್ಣು ತಾಕೂದು ಬಿಟ್ಟು ಬರೇ ಗಾಳಿ ತಾಕಿ ನಂಬರು ಏರೈತಿ, ರಾತ್ರಿ ಎರಡರ ಸುಮಾರಿಗೆ ಪಂಪ್ ಚಾಲೂ ಆಗೈತಿ, ಹೇಳಿದಂಗ ಒಂದು ನಿಮಿಷಕ್ಕ ಬಂದ್ ಆಗೈತಿ. ಪಂಪಿನ ತಪ್ಪೇನೂ ಇಲ್ಲ. ಬ್ಯಾರಲ್ ಮ್ಯಾಲ, ಗಿಡ ಕೆಳಗ, ನಡುವ ನೀರು ತುಂಬಿದ ಪೈಪು. ಪಂಪ್ ನಿಂತ್ರೂ ನೀರು ತನ್ನ ಭಾರಕ್ಕ ತಾನ ಜಗ್ಗಕೋತ ಹೋಗತೈತಿ. ಸೈಫನ್ ಅಂತಾರ. ಎಂಟನೇತ್ತೆದಾಗ ನಮ್ಮ ಸರ್ ಎರಡು ಗ್ಲಾಸು ಒಂದು ರಬ್ಬರ್ ಕೊಳವಿ ತಗೊಂಡು ತೋರಸಿದ್ರು, ಆವತ್ತ ನಾ ಕಡೇ ಬೆಂಚಿನ್ಯಾಗ ಏನ್ ಮಾಡತಿದ್ದೆ ಅಂತ ನೆನಪಿಲ್ಲ. ಪೈಪು ಬ್ಯಾರಲಿನ ಬಾಯಿ ಮ್ಯಾಲ ಹಾಯೂ ಕಡೆ, ನೀರಿನ ಮಟ್ಟಕ್ಕಿಂತ ಎತ್ತರದಾಗ, ಒಂದು ಸಣ್ಣ ತೂತು ಹೊಡದಿದ್ರ ಸಾಕಿತ್ತು, ಗಾಳಿ ಹೊಕ್ಕು ನೀರಿನ ಎಳತ ಕಡೀತಿತ್ತು. ಒಂದು ತೂತು. ಸೂಜಿ ಕಾಸಿ ಚುಚ್ಚಿದ್ರ ಆಗತಿತ್ತು, ಅರ್ಧಾ ತಂಬಗೀನೂ ಖರ್ಚಿಲ್ಲ.

ಇಷ್ಟನ್ನೂ ಮುಂಜಾನೆ ಕಾಕಾಗ ಕೆಸರಾಗ ನಿಂತು ವಿವರಿಸಿ ಹೇಳಿದೆ. ಪೂರಾ ಕೇಳಿಸ್ಕೊಂಡ್ರು. "ತಂಬಗಿಗೆ ಒಂದು ಲೀಟರ ಹಿಡದ್ರ ಇನ್ನೂರು ತಂಬಗಿ ನೀರು" ಅಂದ್ರು. ಒಳಗ ಹೋಗಿ ಎರಡು ಕೊಡ ನೀರು ತಂದು ಕಂಪೌಂಡ್ ಮ್ಯಾಲ ಇಟ್ರು. ಅದರ ಬಾಜೂಕ ಒಂದು ತಂಬಗಿನೂ ಇಟ್ರು, ಹೊಸಾದು, ಬೆಲಿ ಚೀಟಿ ಇನ್ನೂ ಹಂಗ ಐತಿ. ನೂರಾ ಎಂಬತ್ತು. ಇಷ್ಟು ದಿನಾ ಲೆಕ್ಕಾ ತಪ್ಪ ಹಿಡದಿದ್ರು, ಈಗ ಹೇಳಾಕೂ ಬರಂಗಿಲ್ಲ.

ಇದನ್ನ ಟೈಪ್ ಮಾಡಕೋತ ಕುಂತಾಗ ಗದಗಿಂದ ಫೋನ್ ಬಂತು.

"ಮಲ್ಲಿಗಿಗೆ ನೀರ ಹಾಕಿದ್ಯೇನೋ?"

"ಹಾಕೇನಿಬೇ" ಅಂದೆ. "ನೀ ಬರೂತನಕ ಸಾಕಾಗೂವಷ್ಟು ಹಾಕೇನಿ."