ಮನೆ ಕೆಡವಿದ್ದಾಯ್ತು, ಈಗ ಗೋಡೆ ಮೇಲೆ ಮನೆ ಚಿತ್ರ ಬರೀತಿದ್ದಾರೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ನಮ್ಮ ಮನೆ ಹತ್ತಿರದ ಕ್ರಾಸಿನಲ್ಲಿ ಉದ್ದಕ್ಕೂ ಒಂದು ಕಾಂಪೌಂಡ್ ಗೋಡೆ ಇದೆ. ಅದರ ಮೇಲೆ ಈಚೆಗೆ ಚಿತ್ರ ಬರೆಸಿದ್ದಾರೆ. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಪರಂಪರೆ’. ಕೆಳಗೆ ಒಂದು ಹಳೇ ಮನೆ. ಕೆಂಪು ಹೆಂಚು, ಮಂಕಿ ಟಾಪ್ ಕಿಟಕಿ, ಜಗಲಿ ಮೇಲೆ ಪೇಪರ್ ಓದುತ್ತಿರುವ ತಾತ, ಬಾಗಿಲ ಮುಂದೆ ರಂಗೋಲಿ ಹಾಕುತ್ತಿರುವ ಹೆಂಗಸು. ನೋಡೋಕೆ ಚೆನ್ನಾಗೇ ಇದೆ ಅನ್ನಿ. ಹೊಟ್ಟೆ ಉರಿಯೋದು ಯಾಕೆ ಅಂದರೆ, ಆ ಗೋಡೆಯ ಎದುರಿಗೇ ಅಂಥದ್ದೇ ಒಂದು ಮನೆ ಇತ್ತು. ಅದನ್ನು ಕೆಡವಿ ಬಹಳ ಕಾಲವೇನೂ ಆಗಿಲ್ಲ. ಈಗ ಅಲ್ಲಿ ತಗಡಿನ ಶೀಟು. ಶೀಟಿನ ಹಿಂದೆ ಕಂಬಿ ಎದ್ದು ನಿಂತಿದೆ.

ಅಂದರೆ ರಸ್ತೆಯ ಈ ಕಡೆ ಮನೆಯನ್ನು ನೆಲಸಮ ಮಾಡೋದು, ಆ ಕಡೆ ಅದರ ಫೋಟೋಗೆ ಹಾರ ಹಾಕೋದು. ಇದಕ್ಕೆ ನಮ್ಮ ತೆರಿಗೆ ದುಡ್ಡು.

ಇನ್ನೂ ಒಂದು ಮಜಾ ಇದೆ. ಮಂಕಿ ಟಾಪ್ ಅಂದರೆ ಕಿಟಕಿ ಅಥವಾ ಪೋರ್ಟಿಕೋ ಮೇಲೆ ಟೋಪಿ ಥರ ಮುಂದಕ್ಕೆ ಚಾಚಿಕೊಂಡು, ಚೂಪಾಗಿ ಮೇಲೇರುವ ಮರದ ಕೆಲಸ. ಅದರಲ್ಲಿ ಸಣ್ಣ ಸಣ್ಣ ಮರದ ಪಟ್ಟಿಗಳು ನೆಟ್ಟಗೆ, ಸಾಲಾಗಿ ನಿಂತಿರುತ್ತವೆ. ಮಳೆ ಎರಚಲು ಒಳಗೆ ಬರಲ್ಲ, ಬಿಸಿಲು ನೇರ ಹೊಡೆಯಲ್ಲ, ಗಾಳಿಗೆ ಮಾತ್ರ ತಡೆ ಇಲ್ಲ. ನಮ್ಮ ಗೋಡೆ ಚಿತ್ರದಲ್ಲಿ ಆ ಪಟ್ಟಿಗಳನ್ನು ಅಡ್ಡಡ್ಡ ಎಳೆದಿದ್ದಾರೆ. ಅಂಗಡಿ ರೋಲಿಂಗ್ ಶಟರ್ ನೋಡಿಕೊಂಡು ಬರೆದ ಹಾಗಿದೆ. ಬರೆದ ಹುಡುಗರನ್ನು ನಾನು ಬೈಯಲ್ಲ. ನೋಡಿಕೊಂಡು ಬರೆಯೋಕೆ ಎದುರುಗಡೆ ಮನೆ ಇದ್ದಿದ್ದರೆ ತಾನೆ?

ಆ ಮನೆ ಕೆಡವಿದ್ದನ್ನು ನಾನು ನೋಡಿದ್ದೇನೆ. ಮೊದಲು ಬಂದವರು ಹಳೇ ಮರದ ವ್ಯಾಪಾರಿಗಳು. ತೇಗದ ಬಾಗಿಲು, ಕಿಟಕಿ, ತೊಲೆ, ಕೊನೆಗೆ ಆ ಮಂಕಿ ಟಾಪ್ ಕೂಡ ಬಿಚ್ಚಿ ಟೆಂಪೋಗೆ ಹಾಕಿಕೊಂಡರು. ಆಮೇಲೆ ಹೆಂಚು ಇಳಿಸಿದರು. ಒಂದು ಭಾಗಕ್ಕೆ ಮದ್ರಾಸ್ ತಾರಸಿ ಇತ್ತು. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಯನ್ನು ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಕೂರಿಸಿರುತ್ತಾರಲ್ಲ, ಅದು. ಅದನ್ನು ಒಡೆಯೋಕೆ ಸಾಕಷ್ಟು ಬೆವರು ಸುರಿಸಿದರು. ‘ಹಳೇದಾಗಿದೆ, ಬೀಳೋ ಸ್ಥಿತಿ’ ಅಂತ ಹೇಳಿದ್ದ ಮನೆ ಸುಲಭಕ್ಕೆ ಬೀಳಲೇ ಇಲ್ಲ. ರೆಡ್ ಆಕ್ಸೈಡ್ ನೆಲ ಕೊನೇ ದಿನದವರೆಗೂ ಹೊಳೀತಿತ್ತು. ದಶಕಗಟ್ಟಲೆ ಕಾಲು ಓಡಾಡಿ, ತೆಂಗಿನೆಣ್ಣೆ ಕುಡಿದು ಬಂದ ಹೊಳಪು ಅದು. ಜೆಸಿಬಿ ಹಲ್ಲು ಬಿದ್ದ ಕಡೆ ಒಳಗಿನ ಸುಣ್ಣ ಬೆಳ್ಳಗೆ ಕಾಣಿಸಿತು. ಮಧ್ಯಾಹ್ನದೊಳಗೆ ಎಲ್ಲಾ ಪುಡಿ.

ಆ ಮಂಕಿ ಟಾಪ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೆ ಅಂಥದ್ದನ್ನು ಈಗ ಕೆಫೆಗಳ ಒಳಗೋಡೆಗೆ ನೇತು ಹಾಕಿ, ಕೆಳಗೆ ಹಳದಿ ಬಲ್ಬು ಹಚ್ಚಿ, ಜನ ಸೆಲ್ಫಿ ತೆಗೆದುಕೊಳ್ಳೋದನ್ನು ನೋಡಿದ್ದೇನೆ. ಮಳೆ ತಡೆಯೋಕೆ ಮಾಡಿದ್ದನ್ನು ಏಸಿ ರೂಮಿನೊಳಗೆ ತಂದು ಮೊಳೆ ಹೊಡೆದಿದ್ದಾರೆ!

ಮಲ್ಲೇಶ್ವರ ಅನ್ನೋದು ಸುಮ್ನೆ ಬೆಳೆದ ಏರಿಯಾ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಗಾಳಿ ಬೆಳಕು ಹುಡುಕಿಕೊಂಡು ಹೊರಗೆ ಬಂದರು. ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡಿದ್ದು ಆಗಲೇ. ಇಲ್ಲಿ ನೇರ ರಸ್ತೆ, ಲೆಕ್ಕ ಹಾಕಿ ಇಟ್ಟ ಕ್ರಾಸುಗಳು, ಮನೆ ಸುತ್ತ ಖಾಲಿ ಜಾಗ, ಮನೆ ಹಿಂದೆ ಕನ್ಸರ್ವೆನ್ಸಿ ಓಣಿ. ಮಲ ಹೊರುವ ಕೆಲಸದವರು ಮುಂದಿನ ರಸ್ತೆಗೆ ಬರದೆ ಹಿಂದಿನಿಂದಲೇ ಹೋಗಲಿ ಅಂತ ಮಾಡಿದ ಓಣಿಗಳು ಅವು. ಅದು ಹೆಮ್ಮೆ ಪಡೋ ಕಥೆ ಏನಲ್ಲ, ಬಿಡಿ. ನಾಚಿಕೆಗೇಡಿನ ಕಥೆಯೇ. ಆದರೂ ಈ ಊರಿನ ಕಥೆ. ಈಗ ಕೆಲವು ಓಣಿಗಳಲ್ಲಿ ಕಸ, ಕೆಲವು ಪಾರ್ಕಿಂಗು, ಕೆಲವಕ್ಕೆ ಯಾರೋ ಗೇಟೇ ಹಾಕಿಕೊಂಡಿದ್ದಾರೆ. ‘ಪರಂಪರೆ’ ಅಂತ ಗೋಡೆ ಮೇಲೆ ಬರೆಸುವವರಿಗೆ ಆ ಓಣಿ ನೆನಪಾಗಲ್ಲ. ತಾತ ಪೇಪರ್ ಓದೋದೊಂದೇ ಪರಂಪರೆ.

ಮನೆ ಮಾಲೀಕರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಅಣ್ಣ ತಮ್ಮ ಅಕ್ಕ ತಂಗಿ ಅಂತ ಪಾಲು ಆಗಬೇಕು. ಒಬ್ಬರು ಇಲ್ಲಿ, ಇಬ್ಬರು ಅಮೆರಿಕದಲ್ಲಿ. ಹೆಂಚು ಬದಲಾಯಿಸೋಕೆ ಕೆಲಸದವರು ಸಿಗಲ್ಲ, ಗಾರೆ ಕೆಲಸ ಗೊತ್ತಿರೋರು ಇಲ್ಲ. ಜಾಗದ ರೇಟು ಕೇಳಿದರೆ ತಲೆ ಸುತ್ತುತ್ತೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ‘ನೀವು ಊರಿನ ಸೌಂದರ್ಯ ಕಾಪಾಡಿ’ ಅನ್ನೋಕೆ ನಾವ್ಯಾರು? ಕಾಪಾಡು ಅನ್ನೋರು ಏನಾದರೂ ಕೊಡಬೇಕಲ್ವಾ? ಮುಂಬೈಯಲ್ಲಿ 1995ರಲ್ಲೇ ಹಳೇ ಕಟ್ಟಡಗಳಿಗೆ ಅಂತ ನಿಯಮ ಬಂತು. ಕೆಡವದೆ ಉಳಿಸಿಕೊಂಡವರು ಅಲ್ಲಿ ಕಟ್ಟಬಹುದಾಗಿದ್ದ ಜಾಗದ ಹಕ್ಕನ್ನು ಬೇರೆ ಕಡೆಗೆ ಮಾರಿಕೊಳ್ಳಬಹುದು ಅಂತ ದಾರಿ ಮಾಡಿದರು. ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಆದರೆ ಮನೆ ಉಳಿಸಿಕೊಂಡವರಿಗೆ ಒಂದು ಲೆಕ್ಕ ಅಂತೂ ಇದೆ. ನಮ್ಮ ಕಡೆ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸೋ ಸಂಸ್ಥೆಯವರು ಹಳೇ ಕಟ್ಟಡಗಳನ್ನು ಗುರುತಿಸಿ ಪಟ್ಟಿ ಮಾಡಿದ್ದಾರೆ. ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಜೆಸಿಬಿ ಮುಂದೆ ನಿಂತರೆ ಡ್ರೈವರ್ ನಗುತ್ತಾನೆ, ಅಷ್ಟೇ.

ಇನ್ನು ಗೋಡೆ ಚಿತ್ರದ ವಿಷಯಕ್ಕೆ ಬರೋಣ. ಇದು ಇವತ್ತು ಶುರುವಾದ ಹುಚ್ಚಲ್ಲ. 2009ರಲ್ಲಿ ಊರಿಡೀ ಗೋಡೆಗಳ ಮೇಲೆ ಚಿತ್ರ ಬರೆಸಿದರು, ನೆನಪಿದೆಯಾ? ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಗೆ ಫ್ಲೆಕ್ಸ್ ಬಂದಮೇಲೆ ಕೆಲಸ ಹೋಗಿತ್ತು. ಅವರನ್ನು ಕರೆದು ಕೆಲಸ ಕೊಟ್ಟರು. ಅದು ಒಳ್ಳೇ ಕೆಲಸವೇ. ಅವರ ಕೈ ಎಂಥ ಕೈ! ಏಣಿ ಹತ್ತಿ, ಚೌಕ ಚೌಕ ಎಳೆದುಕೊಂಡು, ಮನೆಯಷ್ಟು ಎತ್ತರದ ಮುಖವನ್ನು ಮೂಗು ಸೊಟ್ಟಗಾಗದಂತೆ ಬರೆಯುತ್ತಿದ್ದವರು. ಅವರ ಕೈಲಿ ಬರೆಸಿದ್ದು ಏನು? ಹಂಪಿ ಕಲ್ಲಿನ ರಥ, ಮೈಸೂರು ಅರಮನೆ, ಜೋಗ, ಯಕ್ಷಗಾನ, ಹುಲಿ. ಆ ಗೋಡೆಯಲ್ಲೂ ಹಂಪಿ, ಈ ಗೋಡೆಯಲ್ಲೂ ಹಂಪಿ. ಗಾಂಧಿನಗರದ ಬೀದಿ ಬದಿ ಕೂತು ಜೀವನವಿಡೀ ಕಟೌಟ್ ಬರೆದ ಮನುಷ್ಯನಿಗೆ ‘ನಿನ್ನ ಬೀದಿ ಬರಿ’ ಅಂದಿದ್ದರೆ ಏನು ಬರೆಯುತ್ತಿದ್ದನೋ! ಯಾರೂ ಕೇಳಲಿಲ್ಲ.

ಆ ಚಿತ್ರಗಳ ಕೆಳಗೆ ಬರೆದವರ ಹೆಸರು ಹುಡುಕಿ ನೋಡಿ, ಸಿಗೋದು ಕಷ್ಟ. ಈಗ ನಮ್ಮ ಕ್ರಾಸಿನ ಗೋಡೆಯಲ್ಲೂ ಅಷ್ಟೇ. ಉದ್ಘಾಟನೆ ಮಾಡಿದವರ ಹೆಸರಿದೆ, ಫೋಟೋ ಇದೆ. ಕೈ ಬಣ್ಣ ಮಾಡಿಕೊಂಡವರ ಹೆಸರಿಲ್ಲ.

ಹೋಗಲಿ, ಬರೆಸಿದ ಮೇಲಾದರೂ ನೋಡಿಕೊಳ್ಳುತ್ತಾರಾ? ಗೋಡೆಯ ಆ ತುದಿಯಲ್ಲಿ ಒಂದು ನವಿಲಿತ್ತು. ಚೆಂದದ ನವಿಲು, ಗರಿಯ ಒಂದೊಂದು ಕಣ್ಣನ್ನೂ ತಿದ್ದಿ ಬರೆದಿದ್ದರು. ಬಣ್ಣ ಒಣಗಿ ಕೆಲವೇ ವಾರಕ್ಕೆ ಯಾರೋ ಬಂದು ಅದರ ತಲೆಯ ಮೇಲೆ ಸರಿಯಾಗಿ ಒಂದು ಕಬ್ಬಿಣದ ಕೇಬಲ್ ಡಬ್ಬ ಕೂರಿಸಿ ಹೋದರು. ಈಗ ಅದು ಡಬ್ಬ ತಲೆಯ ನವಿಲು. ಅದರ ಕತ್ತಿನಿಂದ ಕಪ್ಪು ಕೇಬಲ್‌ಗಳು ಇಳಿದು ಫುಟ್‌ಪಾತಿಗೆ ಬಿದ್ದಿವೆ. ರಂಗೋಲಿ ಹಾಕುವ ಹೆಂಗಸಿನ ಸೀರೆ ಮೇಲೆ ‘ಪಿಜಿ ಫಾರ್ ಬಾಯ್ಸ್’ ಪೋಸ್ಟರ್. ತಾತನ ಪೇಪರ್ ಪೂರ್ತಿ ಎಲೆ ಅಡಿಕೆ ಕೆಂಪು. ಬಣ್ಣದ ಹಿಂದೆ ಗೋಡೆ ನೀರು ಹೀರಿ, ಮನೆಯ ಹೆಂಚು ಪದರ ಪದರವಾಗಿ ಉದುರುತ್ತಿದೆ. ಸೋರೋ ಪೈಪ್ ಸರಿ ಮಾಡದೆ ಅದರ ಮೇಲೇ ಬಣ್ಣ ಬಳಿದರೆ ಇನ್ನೇನಾಗುತ್ತೆ?

ಇದೇ ರಸ್ತೆಯಲ್ಲಿ ಒಂದು ಖಾಸಗಿ ಕಾಂಪೌಂಡ್ ಇದೆ. ಅವರು ಗೋಡೆಗೆ ಸಾಲಾಗಿ ದೇವರ ಟೈಲ್ಸ್ ಅಂಟಿಸಿದ್ದಾರೆ. ಗಣಪತಿ, ಏಸು, ಮೆಕ್ಕಾ, ಸಾಯಿಬಾಬಾ, ಎಲ್ಲರೂ ಒಂದೇ ಸಾಲು. ಅಲ್ಲಿ ಯಾರೂ ಉಚ್ಚೆ ಹೊಯ್ಯಲ್ಲ. ಇಡೀ ಏರಿಯಾದಲ್ಲಿ ಹಾಕಿದ ಉದ್ದೇಶ ಈಡೇರಿದ ಗೋಡೆ ಚಿತ್ರ ಅದೊಂದೇ ಅಂತ ಕಾಣುತ್ತೆ.

ಪಾರ್ಕಿನ ಕಥೆ ಬೇರೆ. ಫೈಬರ್ ಜಿಂಕೆ, ಕಾಲು ಮುರಿದು ಒಳಗಿನ ಕಂಬಿ ಕಾಣಿಸುತ್ತೆ. ಮಕ್ಕಳು ಅದರ ಮೇಲೆ ಹತ್ತಿದರೆ ಕಾಲು ಕೊಯ್ಯುತ್ತೆ. ನೀರಿಲ್ಲದ ಕಾರಂಜಿ. ಗೇಟಿನ ಹತ್ತಿರ ಕೆಂಪು ಹೃದಯದ ಗುರುತು ಹಾಕಿದ ‘ಐ ಲವ್’ ಬೋರ್ಡು, ಇಂಗ್ಲಿಷಿನಲ್ಲಿ. ಎರಡು ಅಕ್ಷರದ ದೀಪ ಹೋಗಿ ಯಾರನ್ನು ಲವ್ ಮಾಡುತ್ತಿದ್ದಾರೆ ಅಂತ ರಾತ್ರಿ ಹೊತ್ತು ಗೊತ್ತಾಗಲ್ಲ.

ಹಾಗಂತ ಬೀದಿಯಲ್ಲಿ ಕಲೆ ಬೇಡ ಅನ್ನೋ ಪೈಕಿ ನಾನಲ್ಲ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಒಂದು ಮೊಸಳೆ ಗೊಂಬೆ ತಂದು ಬಿಟ್ಟರಲ್ಲ, ಅದು ನೋಡಿ ಕಲೆ! ಊರೆಲ್ಲಾ ನೋಡಿತು, ನಕ್ಕಿತು, ಗುಂಡಿ ಮುಚ್ಚಿದರು. 2019ರಲ್ಲಿ ಗುಂಡಿ ಬಿದ್ದ ರಸ್ತೆ ಮೇಲೆ, ಚಂದ್ರನ ನೆಲ ಅನ್ನೋ ಹಾಗೆ, ಗಗನಯಾತ್ರಿ ವೇಷದವರನ್ನು ನಡೆದಾಡಿಸಿದರು, ಪ್ರಪಂಚವೇ ನೋಡಿತು. ಅವರು ಆ ಜಾಗದ ಬಗ್ಗೆ, ಆ ಜಾಗದಲ್ಲೇ ಮಾಡಿದರು. ಎಲ್ಲೋ ತಯಾರಾದ ಥೀಮನ್ನು ತಂದು ಇಲ್ಲಿ ಅಂಟಿಸಲಿಲ್ಲ.

ಇಲ್ಲೇ ಕಾಡು ಮಲ್ಲೇಶ್ವರನ ಗುಡಿ ಎದುರು ನಂದಿತೀರ್ಥ ಇದೆ. ನಂದಿಯ ಬಾಯಿಂದ ನೀರು ಬಂದು ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುತ್ತೆ. ಅದು ಎಷ್ಟೋ ಕಾಲ ಮಣ್ಣಿನಡಿ ಮುಚ್ಚಿಹೋಗಿತ್ತು. ಮೇಲೆ ನಡೆದಾಡೋರಿಗೆ ಬರೀ ಖಾಲಿ ಸೈಟು. 1997ರಲ್ಲಿ ಜನ ಅಗೆದು ನೋಡಿದರೆ ಇಡೀ ಕಲ್ಯಾಣಿ ಸಿಕ್ಕಿತು, ಮೆಟ್ಟಿಲು ಸಮೇತ. ಅವತ್ತು ಆ ಸೈಟಿನಲ್ಲಿ ಕಟ್ಟಡ ಎದ್ದಿದ್ದರೆ? ಈಗ ಪಕ್ಕದ ಗೋಡೆ ಮೇಲೆ ನಂದಿ ಚಿತ್ರ ಇರುತ್ತಿತ್ತು, ಬಾಯಿಂದ ನೀಲಿ ಬಣ್ಣ ಸುರೀತಾ.

ನಾನು ಆಫೀಸಿಗೆ ಫೋನ್ ಮಾಡಿದೆ. ಯಾವ ಆಫೀಸು ಅಂತ ಹೇಳೋಕೆ ಹೋಗಲ್ಲ. ಮೊದಲು ಎತ್ತಿದವರು ಚಿತ್ರ ನಮ್ಮದು, ಗೋಡೆ ನಮ್ಮದಲ್ಲ ಅಂದರು. ಗೋಡೆಯವರು ಡಬ್ಬ ನಮ್ಮದಲ್ಲ ಅಂದರು. ಡಬ್ಬದ ಮೇಲಿದ್ದ ನಂಬರಿಗೆ ಮಾಡಿದರೆ ಅದು ಯಾರದೋ ಮನೆ. ಪಾಪ, ಅವರಿಗೆ ದಿನಾ ಇದೇ ಕಾಟವಂತೆ. ಕೊನೆಗೆ ಒಬ್ಬ ಎಂಜಿನಿಯರ್ ಸಿಕ್ಕಿದರು. ಸಮಾಧಾನವಾಗಿಯೇ ಮಾತಾಡಿದರು. ಪೈಪ್ ರಿಪೇರಿಗೆ ಬಜೆಟ್‌ನಲ್ಲಿ ಬೇರೆ ಹೆಡ್ಡು ಸಾರ್, ಅದರಲ್ಲಿ ದುಡ್ಡಿಲ್ಲ, ಸುಂದರೀಕರಣದ ಹೆಡ್ಡಿನಲ್ಲಿ ಇದೆ ಅಂದರು. ಬೇಕಾದರೆ ಉದುರಿದ ಜಾಗಕ್ಕೆ ಇನ್ನೊಂದು ಸಲ ಬಣ್ಣ ಹೊಡೆಸುತ್ತಾರಂತೆ.

ಆಮೇಲೆ ಅವರೇ ಖುಷಿಯಿಂದ ಇನ್ನೊಂದು ಸುದ್ದಿ ಕೊಟ್ಟರು. ಹಿಂದಿನ ಕ್ರಾಸಿನ ಗೋಡೆಗೂ ಚಿತ್ರ ಬರೆಸುತ್ತಾರಂತೆ, ನಿವಾಸಿಗಳಿಂದ ಐಡಿಯಾ ಬೇಕಂತೆ. ಆ ಕ್ರಾಸಿನಲ್ಲಿ ಇನ್ನೂ ಒಂದು ಮಂಕಿ ಟಾಪ್ ಮನೆ ಉಳಿದಿದೆ. ಜನ ವಾಸ ಇದ್ದಾರೆ, ಹೆಂಚು ಅಲ್ಲಲ್ಲಿ ಜಾರಿದೆ. ಗೋಡೆಗೆ ಸುರಿಯೋ ದುಡ್ಡಿನಲ್ಲಿ ಆ ಮನೆಯ ಸೂರು ಸರಿ ಮಾಡಿಸಿಕೊಡಿ ಅಂದೆ. ಖಾಸಗಿ ಆಸ್ತಿಗೆ ಸರ್ಕಾರದ ದುಡ್ಡು ಹಾಕೋಕೆ ಬರಲ್ಲ ಸಾರ್, ಆಡಿಟ್ ಆಗುತ್ತೆ ಅಂದರು. ಸರಿ, ಕಂದಾಯದಲ್ಲಿ ಏನಾದರೂ ಬಿಡಿ ಅಂದೆ. ಅದು ನಮ್ಮ ಸೆಕ್ಷನ್ ಅಲ್ಲ ಅಂದರು. ಹಾಗಾದರೆ ಐಡಿಯಾ ಏನಕ್ಕೆ ಕೇಳ್ತೀರಿ ಅಂದರೆ, ‘ಅಲ್ಲ ಸಾರ್, ಹಂಪಿ ಬೇಕಾ, ಪಕ್ಷಿ ಬೇಕಾ ಅಷ್ಟು ಹೇಳಿ ಸಾಕು’ ಅಂದರು.