ಹಡಗಿನ ಊಟಕ್ಕೆ ಯಾವ ಮುಂಡು?

ಚಡ್ಡಿ ಹಾಕಿಕೊಂಡು ರಾತ್ರಿ ಊಟಕ್ಕೆ ಹೋಗಬಹುದಾ? ಕ್ರೂಸ್ ಹಡಗಿಗೆ ಟಿಕೆಟ್ ಮಾಡಿದವರು ಬಿರುಗಾಳಿಯ ಬಗ್ಗೆ ಕೇಳುವುದಿಲ್ಲ, ಲೈಫ್ ಜಾಕೆಟ್ ಬಗ್ಗೆ ಕೇಳುವುದಿಲ್ಲ, ಇದನ್ನು ಮಾತ್ರ ಕೇಳಿಯೇ ಕೇಳುತ್ತಾರೆ. ಉತ್ತರ ಯಾರ ಹತ್ತಿರವೂ ನೆಟ್ಟಗಿಲ್ಲ. ಹೋಗಬಹುದು, ಆದರೆ ಎಲ್ಲ ಚಡ್ಡಿಯೂ ಆಗುವುದಿಲ್ಲ. ಹೋಗಬಹುದು, ಆದರೆ ಆ ಮೇಲಿನ ಡೆಕ್ಕಿನ ಹೋಟೆಲಿಗೆ ಮಾತ್ರ. ಹೋಗಬಹುದು, ಆದರೆ ಎರಡನೇ ದಿನ ರಾತ್ರಿ ಬೇಡ.

ನಾನು ಈ ವಿಷಯಕ್ಕೆ ತಲೆ ಹಾಕಿದ್ದು ಕಾಸರಗೋಡಿನ ನೀರ್ಚಾಲಿನಲ್ಲಿರುವ ನಮ್ಮ ಮಾವನ ದೆಸೆಯಿಂದ. ಮಾವ ರಿಟೈರ್ ಆದ ಮಾಷ್ಟ್ರು. ದುಬೈಯಲ್ಲಿರುವ ಮಗಳು ಅಪ್ಪ ಅಮ್ಮನಿಗೆ ಅಂತ ಅಲ್ಲಿಂದಲೇ ಹೊರಡುವ ಒಂದು ಕ್ರೂಸಿಗೆ ಟಿಕೆಟ್ ಮಾಡಿದ್ದಾಳೆ. ಚಳಿಗಾಲ ಬಂತೆಂದರೆ ಯುರೋಪಿನ ಕೆಲವು ಹಡಗುಗಳು ಬಿಸಿಲು ಹುಡುಕಿಕೊಂಡು ದುಬೈ, ಅಬುಧಾಬಿ ಕಡೆ ಬರುತ್ತವೆ. ಟಿಕೆಟಿನ ಜೊತೆ ಬಂದ ಕಾಗದಗಳಲ್ಲಿ ಬಟ್ಟೆಗೆಂದೇ ಒಂದು ಪುಟ ಇತ್ತು. ಮಾವ ಅದನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದುಕೊಂಡೇ ಓದಿದರು. ಅಭ್ಯಾಸ, ಏನು ಮಾಡುವುದು. ಹಗಲು ಕ್ಯಾಶುವಲ್. ರಾತ್ರಿ ಸ್ಮಾರ್ಟ್ ಕ್ಯಾಶುವಲ್. ನಡುವೆ ಎಲಿಗೆಂಟ್ ರಾತ್ರಿ. ಒಂದು ರಾತ್ರಿ ಎಲ್ಲರೂ ಬಿಳಿ.

"ಬಿಳಿ ಅರ್ಥ ಆಯಿತು. ಬಾಕಿದ್ದು ಎಂತ ಇದು?" ಎಂದರು ಮಾವ.

ಅವರಿಗೆ ಬಿಳಿ ಅರ್ಥವಾಗದೆ ಇರುತ್ತದಾ? ವರ್ಷವಿಡೀ ಬಿಳಿ ಮುಂಡು, ಅಂದರೆ ಪಂಚೆ, ಮೇಲೆ ಬಿಳಿ ಅಂಗಿ. ಪ್ಯಾಂಟು ಹಾಕಿದ್ದನ್ನು ನಾನು ನೋಡಿದ್ದು ಪಾಸ್‌ಪೋರ್ಟ್ ಕೆಲಸಕ್ಕೆ ಹೋದ ದಿನ ಮಾತ್ರ. ಅದೂ ಪಾಸ್‌ಪೋರ್ಟ್ ಆಫೀಸಿನಲ್ಲಿ ಯಾರೂ ಕೇಳಿದ್ದಲ್ಲ, ಅತ್ತೆ ಹಾಕಿಸಿದ್ದು.

ಹುಡುಕುತ್ತ ಹೋದರೆ ಒಂದೊಂದು ಕಂಪನಿಗೆ ಒಂದೊಂದು ಶಾಸ್ತ್ರ. ಕಾರ್ನಿವಲ್‌ನವರದ್ದು ಎರಡೇ ಬಗೆ, ಕ್ರೂಸ್ ಕ್ಯಾಶುವಲ್ ಮತ್ತು ಕ್ರೂಸ್ ಎಲಿಗೆಂಟ್. ಮೊದಲನೆಯದರಲ್ಲಿ ಗಂಡಸರು ಉದ್ದದ, ನೋಡಲು ಮರ್ಯಾದೆಯಾಗಿರುವ ಚಡ್ಡಿ ಹಾಕಬಹುದು, ಜಿಮ್ಮಿನ ಚಡ್ಡಿ ಹಾಕಬಾರದು. ಜೀನ್ಸ್ ಆಗುತ್ತದೆ, ಕತ್ತರಿಸಿದ ಜೀನ್ಸ್ ಆಗುವುದಿಲ್ಲ. ಹವಾಯಿ ಚಪ್ಪಲಿ ಇಲ್ಲ, ತೋಳಿಲ್ಲದ ಬನಿಯನ್ ಇಲ್ಲ, ತಲೆಗೆ ಕ್ಯಾಪ್ ಇಲ್ಲ. ಸೆಲೆಬ್ರಿಟಿಯವರು ಹಳೆಯ ಫಾರ್ಮಲ್ ನೈಟ್, ಅಂದರೆ ಕೋಟು ಟೈಯ ರಾತ್ರಿ, ತೆಗೆದುಹಾಕಿ ಈವ್ನಿಂಗ್ ಶಿಕ್ ಅಂತ ತಂದರು. ಹಾಲೆಂಡ್ ಅಮೆರಿಕದವರಲ್ಲಿ ಫಾರ್ಮಲ್ ಇದ್ದದ್ದು ಗಾಲಾ ಆಯಿತು, ಗಾಲಾ ಇದ್ದದ್ದು ಡ್ರೆಸ್ಸಿ ಆಯಿತು. ನಾರ್ವೇಜಿಯನ್‌ನವರು 2000ದ ಹೊತ್ತಿಗೆ ಫ್ರೀಸ್ಟೈಲ್ ಎಂದು ಸಾರಿ ಈ ತಲೆಬಿಸಿಯಿಂದ ಮೊದಲೇ ಕೈ ತೊಳೆದುಕೊಂಡರು. ವರ್ಜಿನ್‌ನವರು ಇನ್ನೂ ಮುಂದೆ, ಡ್ರೆಸ್ ಕೋಡೇ ಇಲ್ಲ ಎನ್ನುತ್ತಾರೆ. ಹೇಳಿಬಿಟ್ಟು ಒಂದು ರಾತ್ರಿಗೆ ಸ್ಕಾರ್ಲೆಟ್ ನೈಟ್ ಅಂತ ಹೆಸರಿಟ್ಟು ಎಲ್ಲರೂ ಕೆಂಪು ಹಾಕಿಕೊಂಡು ಬನ್ನಿ ಎನ್ನುತ್ತಾರೆ! ಇಲ್ಲ ಅಂದ ಮೇಲೆ ಇಲ್ಲ ಅಲ್ವಾ ಮಾರಾಯ್ರೆ.

ನನಗೆ ಕೇಳಿದರೆ ಇವರೆಲ್ಲರಿಗಿಂತ ಕ್ಯುನಾರ್ಡ್‌ನವರು ವಾಸಿ. ಕ್ವೀನ್ ಮೇರಿ 2 ಅವರದ್ದೇ ಹಡಗು. ಅಲ್ಲಿ ಗಾಲಾ ಸಂಜೆ ಎಂದರೆ ಗಂಡಸರಿಗೆ ಡಿನ್ನರ್ ಜಾಕೆಟ್ ಅಥವಾ ಕಪ್ಪು ಸೂಟು, ಕುತ್ತಿಗೆಗೆ ಬೋ ಅಥವಾ ಟೈ. ಬೇಡ ಎನ್ನುವವರು ಬಫೆಗೆ ಹೋಗಿ ಉಣ್ಣಬಹುದು, ಇನ್ನೂ ಕೆಲವು ಕಡೆ ಕೂರಬಹುದು, ಎಲ್ಲಿ ಅಂತ ಮೊದಲೇ ಹೇಳಿಬಿಡುತ್ತಾರೆ. ಹಟಮಾರಿಗಳು ಹೌದು, ಆದರೆ ಮಾತು ನೇರ. ಮಾವನಿಗೆ ಖುಷಿ ಕೊಡುವ ಒಂದು ಸಾಲೂ ಅವರಲ್ಲಿ ಉಂಟು: ಅವರವರ ದೇಶದ ವಿಶೇಷ ಸಂದರ್ಭದ ಉಡುಪು ಕೂಡ ನಡೆಯುತ್ತದೆ. ಸ್ಕಾಟ್‌ಲೆಂಡಿನವರು ಲಂಗದ ಹಾಗಿರುವ ಕಿಲ್ಟ್ ಹಾಕಿಕೊಂಡು ಬರುತ್ತಾರೆ. ಕಿಲ್ಟ್ ಆಗುತ್ತದಾದರೆ ಮುಂಡು ಯಾಕಾಗಬಾರದು, ಮುಂಡು ಅದಕ್ಕಿಂತ ಉದ್ದ ಉಂಟಲ್ಲ ಎಂಬುದು ಮಾವನ ವಾದ. ವಾದ ಸರಿಯೇ. ಆದರೆ ಮಾವನ ಹಡಗು ಕ್ಯುನಾರ್ಡ್‌ನದ್ದಲ್ಲ.

ಈ ಡಿನ್ನರ್ ಜಾಕೆಟಿನದ್ದೂ ಒಂದು ಕಥೆ. 1865ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಏಳನೇ ಎಡ್ವರ್ಡ್ ಆದವನು, ಲಂಡನ್ನಿನ ಹೆನ್ರಿ ಪೂಲ್ ಅಂಗಡಿಯಲ್ಲಿ ಬಾಲವಿಲ್ಲದ ಒಂದು ಗಿಡ್ಡ ಕೋಟು ಹೊಲಿಸಿಕೊಂಡ. ಯಾಕೆ? ಹಳ್ಳಿಮನೆಯಲ್ಲಿ ಸ್ನೇಹಿತರ ಜೊತೆ ಆರಾಮಾಗಿ ಕೂತು ಊಟ ಮಾಡಲು. ಅಂದರೆ ಆ ಕಾಲದ ಸ್ಮಾರ್ಟ್ ಕ್ಯಾಶುವಲ್ ಅದೇ! ಆವತ್ತು ಸೆಖೆಗೆ, ಸುಖಕ್ಕೆ ಅಂತ ಹಾಕಿದ್ದು ಇವತ್ತು ಹಡಗಿನಲ್ಲಿ ಬಾಡಿಗೆಗೆ ತೆಗೆದುಕೊಂಡಾದರೂ ಹಾಕಬೇಕಾದ ವೇಷ. ಇನ್ನು ನೂರು ವರ್ಷಕ್ಕೆ ಮೊಣಕಾಲಿನ ಹತ್ತಿರ ಜೇಬಿರುವ ಕಾರ್ಗೋ ಚಡ್ಡಿಯನ್ನು ಇಸ್ತ್ರಿ ಹಾಕಿ ರಿಸೆಪ್ಷನಿಗೆ ಹಾಕಿಕೊಂಡು ಹೋಗುತ್ತಾರೋ ಏನೋ.

ಸರಿ, ಪುಸ್ತಕದ ಬದನೆಕಾಯಿ ಸಾಕು ಅಂತ ಮಾವ ಹಡಗಿನ ಹುಡುಗನನ್ನೇ ಕರೆಸಿದರು. ಕಾಸರಗೋಡಿನಲ್ಲಿ ಹಡಗಿನವರಿಗೆ ಬರ ಇಲ್ಲ. ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಹೋದರೆ ಹಡಗಿಗೆ ಹೋದವರು ಎಷ್ಟೋ ಮಂದಿ ಸಿಗುತ್ತಾರೆ. ಹೆಚ್ಚಿನವರದ್ದು ಸರಕಿನ ಹಡಗು. ಈ ಹುಡುಗನದ್ದು ಕ್ರೂಸು, ಡೈನಿಂಗ್ ರೂಮಿನಲ್ಲಿ ಬಡಿಸುವ ಕೆಲಸ, ಕಾಂಟ್ರಾಕ್ಟ್ ಮುಗಿಸಿ ರಜೆಗೆ ಬಂದಿದ್ದ. ಮಾವನ ಹಳೆಯ ವಿದ್ಯಾರ್ಥಿ ಬೇರೆ. ಜಗಲಿಯಲ್ಲಿ ಕೂರಲು ಹೇಳಿದರೂ ಅರ್ಧ ಕೂತು ಅರ್ಧ ನಿಂತ ಹಾಗೆಯೇ ಇದ್ದ.

"ಮಾಷ್ಟ್ರೇ, ಹಗಲಿಗೆ ಎಂತ ಹಾಕಿದರೂ ಆಗ್ತದೆ. ಬಫೆಯಲ್ಲಿ ಒದ್ದೆ ಬಟ್ಟೆ ಮತ್ತು ಬರಿಗಾಲು, ಅದೆರಡು ಬೇಡ. ತೊಂದರೆ ಇರುವುದು ರಾತ್ರಿ, ಮೇನ್ ಡೈನಿಂಗಿನಲ್ಲಿ" ಎಂದ.

"ಎಂತ ತೊಂದರೆ?"

"ತೊಂದರೆ ನಿಮಗಲ್ಲ, ನಮಗೆ."

ಆಮೇಲೆ ಅವನು ಬಿಡಿಸಿ ಹೇಳಿದ್ದನ್ನು ಕೇಳಿದ ಮೇಲೆ ನನಗೆ ಇಡೀ ಗೊಂದಲದ ಬುಡ ಎಲ್ಲಿದೆ ಅಂತ ಗೊತ್ತಾಯಿತು. ನಿಯಮ ಮಾಡುವವರು ಎಲ್ಲೋ ಆಫೀಸಿನಲ್ಲಿ ಕೂತಿರುತ್ತಾರೆ. ಡೈನಿಂಗ್ ರೂಮಿನ ಬಾಗಿಲಲ್ಲಿ ನಿಲ್ಲುವವನು ಗೋವಾದವನೋ, ಫಿಲಿಪ್ಪೀನ್ಸಿನವನೋ, ಇಲ್ಲಾ ನಮ್ಮ ಕಾಸರಗೋಡಿನವನೋ. ಅವನ ಬಟ್ಟೆಯಲ್ಲಿ ಗೊಂದಲ ಇಲ್ಲ. ಅಂಗಿಯ ಗುಂಡಿ, ಹೆಸರಿನ ಬ್ಯಾಡ್ಜು, ಶೂ ಪಾಲಿಶ್, ಗಡ್ಡ, ಎಲ್ಲದಕ್ಕೂ ಲೆಕ್ಕ ಉಂಟು. ಎದುರಿಗೆ ಲಕ್ಷಗಟ್ಟಲೆ ಕೊಟ್ಟು ಬಂದ ಮನುಷ್ಯ ಈಜುಕೊಳದಿಂದ ಎದ್ದ ಚಡ್ಡಿಯಲ್ಲೇ ಹಸಿದುಕೊಂಡು ನಿಂತಿದ್ದಾನೆ. ಅವನಿಗೆ "ಸರ್, ದಯವಿಟ್ಟು ಪ್ಯಾಂಟು ಹಾಕಿಕೊಂಡು ಬನ್ನಿ" ಅಂತ ನಗುತ್ತಾ ಹೇಳಬೇಕು. ಹೇಳಿದರೆ ಅವನು ಸಿಟ್ಟಾಗಿ, ಕೊನೆಯ ದಿನ ತುಂಬುವ ಫಾರ್ಮಿನಲ್ಲಿ ಮಾರ್ಕು ಕಡಿಮೆ ಹಾಕುತ್ತಾನೆ. ಹೇಳದೆ ಒಳಗೆ ಬಿಟ್ಟರೆ ಪಕ್ಕದ ಟೇಬಲಿನಲ್ಲಿ ಕೋಟು ಟೈ ಬಿಗಿದು ಬೆವರುತ್ತಾ ಕೂತವನು, ನಾನೇನು ಮಂಗನಾ ಅಂತ ಕೇಳುತ್ತಾನೆ. ಅವನೂ ಅದೇ ಫಾರ್ಮು ತುಂಬುವವನು.

ಹಾಗಾಗಿ ಇವತ್ತು ಬಿಟ್ಟ ಚಡ್ಡಿಯನ್ನು ನಾಳೆ ಬಿಡುವುದಿಲ್ಲ. ಒಂದು ಬಾಗಿಲಲ್ಲಿ ಬಿಟ್ಟದ್ದನ್ನು ಇನ್ನೊಂದು ಬಾಗಿಲಲ್ಲಿ ತಡೆಯುತ್ತಾರೆ. ಹೋಗಿ ಬಂದವರನ್ನು ಕೇಳಿದರೆ ಒಬ್ಬರು "ಯಾರೂ ಏನೂ ಹೇಳುವುದಿಲ್ಲ" ಅನ್ನುತ್ತಾರೆ, ಇನ್ನೊಬ್ಬರು "ಅಯ್ಯೋ, ನನ್ನನ್ನು ವಾಪಸ್ ಕಳಿಸಿದರು" ಅನ್ನುತ್ತಾರೆ. ಇಬ್ಬರೂ ಹೇಳಿದ್ದು ನಿಜವೇ.

ಕಂಪನಿಗೆ ಎರಡೂ ಬೇಕು. ಮನೆಯಲ್ಲಿದ್ದ ಹಾಗೆ ಆರಾಮಾಗಿರಿ ಅಂತ ಟಿಕೆಟ್ ಮಾರಬೇಕು. ರಾಜರ ಔತಣದ ಹಾಗೆ ಕಾಣುವ ಫೋಟೋ ತೋರಿಸಿಯೂ ಟಿಕೆಟ್ ಮಾರಬೇಕು. ಫಾರ್ಮಲ್ ನೈಟಿನ ದಿನ ಮೆಟ್ಟಿಲ ಬುಡದಲ್ಲಿ ಪರದೆ ಕಟ್ಟಿ ಫೋಟೋಗ್ರಾಫರ್ ನಿಂತಿರುತ್ತಾನಂತೆ. ಫೋಟೋ ತೆಗೆಯುವುದು ಪುಕ್ಕಟೆ, ಕೈಗೆ ಬೇಕಾದರೆ ದುಡ್ಡು. ಚಡ್ಡಿಯಲ್ಲಿ ನಿಂತು ಅಂಥ ಫೋಟೋ ಯಾರು ಕೊಳ್ಳುತ್ತಾರೆ ಹೇಳಿ. ಹಾಗಂತ ಕೋಟು ಕಡ್ಡಾಯ ಎಂದರೆ ವಿಮಾನದಲ್ಲಿ ತೂಕ ನೋಡಿ ಬರುವವರು ಬೇರೆ ಕಂಪನಿಗೆ ಹೋಗುತ್ತಾರೆ. ಅದಕ್ಕೇ ಈ 'ಇಷ್ಟವಿದ್ದರೆ ಡ್ರೆಸ್ ಮಾಡಿಕೊಳ್ಳಿ' ಎಂಬ ಮಾತು. ನಮ್ಮ ಮದುವೆ ಕಾಗದದಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸುತ್ತಾರಲ್ಲ, ಹಾಗೆ. ಓದುತ್ತೇವೆ, ತಲೆದೂಗುತ್ತೇವೆ, ಕವರು ಜೇಬಿಗೆ ಹಾಕಿಕೊಂಡೇ ಹೋಗುತ್ತೇವೆ.

ನಿಜವಾಗಿ ನಿಯಮ ಬೇಕು ಎನ್ನುವವರು ಹೀಗೆ ಬರೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ನೌಕಾಪಡೆಯವರು ಅಧಿಕಾರಿಗಳ ಮೆಸ್ಸಿನಲ್ಲಿ ಕುರ್ತಾ ಪೈಜಾಮ ಹಾಕಬಹುದು ಎಂದು ಒಪ್ಪಿದರು. ಕುರ್ತಾ ಒಂದೇ ಬಣ್ಣದ್ದಿರಬೇಕು, ಮೊಣಕಾಲಿನವರೆಗೆ ಇರಬೇಕು, ಮೇಲೊಂದು ತೋಳಿಲ್ಲದ ಜಾಕೆಟ್ ಇರಬೇಕು, ಯುದ್ಧನೌಕೆಯಲ್ಲಿ ಮಾತ್ರ ಇದು ಇಲ್ಲ. ಮುಗಿಯಿತು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಹೋಗಿ ನೋಡಿ, ಗಂಡಸರು ಅಂಗಿ ಬಿಚ್ಚಿ ಮುಂಡು ಉಡಬೇಕು. ಪ್ಯಾಂಟಿನಲ್ಲಿ ಬಂದವರು ಬಾಡಿಗೆ ಮುಂಡು ತೆಗೆದುಕೊಂಡು ಪ್ಯಾಂಟಿನ ಮೇಲೇ ಸುತ್ತಿಕೊಂಡು ಹೋಗುತ್ತಾರೆ. ಅಂಗಿ ಬಿಚ್ಚಿಸುವ ಕ್ರಮ ಸರಿಯಾ ಎಂಬ ಚರ್ಚೆ ಕೇರಳದಲ್ಲಿ ಜೋರಾಗಿಯೇ ನಡೆದಿದೆ, ನಡೆಯಲಿ. ಏನು ಮಾಡಬೇಕು ಅಂತ ಯಾರಿಗೂ ಸಂಶಯ ಇಲ್ಲ.

ಬರೆಯದೆ ಇರುವ ನಿಯಮಗಳದ್ದು ಇನ್ನೂ ಚಂದ. ಕಾಸರಗೋಡಿನಲ್ಲಿ ಮುಂಡು ಉಟ್ಟವನು ನಡೆಯುವಾಗ ಅದನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿರುತ್ತಾನೆ. ಎದುರಿಗೆ ಹಿರಿಯರು ಯಾರಾದರೂ ಬಂದರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಮಡಿಕೆ ಬಿಚ್ಚಿ ಮುಂಡು ಪಾದದವರೆಗೆ ಇಳಿಯುತ್ತದೆ. ಮಾತು ನಿಲ್ಲುವುದಿಲ್ಲ, ಕಣ್ಣು ಕೆಳಗೆ ನೋಡುವುದಿಲ್ಲ. ಅವರು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ಎಡಗೈಯಲ್ಲೊಂದು ತುದಿ, ಬಲಗೈಯಲ್ಲೊಂದು ತುದಿ, ಪುನಃ ಮೇಲೆ. ದೇವಸ್ಥಾನದ ಮೆಟ್ಟಿಲು, ಬ್ಯಾಂಕ್ ಮ್ಯಾನೇಜರನ ಕೋಣೆ, ಹೆಣ್ಣು ನೋಡಲು ಹೋದ ಮನೆಯ ಅಂಗಳ, ಸಾವಿನ ಮನೆ, ಎಲ್ಲೆಲ್ಲಿ ಇಳಿಸಬೇಕು ಅಂತ ಯಾವ ಬೋರ್ಡೂ ಇಲ್ಲ. ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿಗಳು, ಎಲ್ಲರಿಗೂ ಗೊತ್ತು. ಜಗಳಕ್ಕೆ ನಿಲ್ಲುವ ಮೊದಲು ಮಡಚಿ ಕಟ್ಟುವುದೂ ಅದೇ ಶಾಸ್ತ್ರದ ಕೊನೆಯ ಅಧ್ಯಾಯ.

ಇಂಥ ಮುಂಡಿಗೆ ಬಾಗಿಲು ಹಾಕಿದವರೂ ಇದ್ದಾರೆ, ಅದೂ ನಮ್ಮ ಪಕ್ಕದಲ್ಲೇ. 2014ರ ಜುಲೈಯಲ್ಲಿ ಚೆನ್ನೈಯಲ್ಲಿರುವ ತಮಿಳುನಾಡು ಕ್ರಿಕೆಟ್ ಅಸೋಸಿಯೇಷನ್ನಿನ ಕ್ಲಬ್ಬಿನಲ್ಲಿ ಒಂದು ಪುಸ್ತಕ ಬಿಡುಗಡೆಗೆ ವೇಷ್ಟಿ ಉಟ್ಟು ಹೋದ ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶ ಹರಿಪರಂಧಾಮನ್ ಅವರನ್ನೇ ಒಳಗೆ ಬಿಡಲಿಲ್ಲ. ದೊಡ್ಡ ಗಲಾಟೆಯಾಗಿ, ಮುಂದಿನ ತಿಂಗಳೇ ಜಯಲಲಿತಾ ಸರ್ಕಾರ ವೇಷ್ಟಿ ಉಟ್ಟವರನ್ನು ತಡೆಯಬಾರದು ಅಂತ ಕಾನೂನೇ ತಂದಿತು. ಮಾವ ಇದನ್ನು ಬಹಳ ಆಸೆಯಿಂದ ಕೇಳಿಸಿಕೊಂಡರು. ಆದರೆ ಹಡಗಿನ ಮೇಲೆ ಹಾರುವುದು ಪನಾಮಾದ್ದೋ ಬಹಾಮಾಸಿನದ್ದೋ ಬಾವುಟ. ಅಲ್ಲಿ ತಮಿಳುನಾಡಿನ ಕಾನೂನು ತೋರಿಸಲು ಆಗುತ್ತದಾ?

ಅತ್ತೆಗೆ ಈ ಯಾವ ಕಷ್ಟವೂ ಇಲ್ಲ. ಎಲ್ಲ ಕಂಪನಿಯ ಪಟ್ಟಿಯಲ್ಲೂ ಬೇಡ ಬೇಡ ಅಂತ ಬರೆದದ್ದು ಮುಕ್ಕಾಲು ಭಾಗ ಗಂಡಸರಿಗೇ. ಸೀರೆ ಉಟ್ಟರೆ ಹಗಲಿಗೂ ಆಯಿತು, ರಾತ್ರಿಗೂ ಆಯಿತು. ಕಾಸರಗೋಡು ಸೀರೆ, ಅದೇ ವಿದ್ಯಾನಗರದ ನೇಕಾರರ ಸೊಸೈಟಿಯ ಹತ್ತಿಯ ಸೀರೆ, ಇದು ಈ ಊರಿನದ್ದೇ ಎನ್ನುವ ಜಿಐ ಗುರುತು ಸಿಕ್ಕಿದ್ದು, ಅದು ಸ್ಮಾರ್ಟ್ ಕ್ಯಾಶುವಲ್. ರೇಷ್ಮೆಯದ್ದು ಎಲಿಗೆಂಟ್. ಅತ್ತೆ ಎರಡು ನಿಮಿಷದಲ್ಲಿ ತೀರ್ಮಾನ ಮಾಡಿ ಒಳಗೆ ಹೋದರು. ಹತ್ತಿ ಸೀರೆಗೆ ಇಸ್ತ್ರಿ ಬೇಕಲ್ಲ ಅಂತ ಹುಡುಗ ಎಚ್ಚರಿಸಿದ. ಬೆಂಕಿಯ ಭಯಕ್ಕೆ ಕ್ಯಾಬಿನ್ನಿಗೆ ಇಸ್ತ್ರಿಪೆಟ್ಟಿಗೆ ತರಲು ಬಿಡುವುದಿಲ್ಲ, ತಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಗಂಜಿ ಹಾಕಿದ ಮುಂಡಿನ ಕಥೆ ಅಲ್ಲಿಗೆ ಮುಗಿಯಿತು ಅಂತ ನಾನು ಅಂದುಕೊಂಡೆ. ಮಾವ ಬಿಡಲಿಲ್ಲ, ಹಾಸಿಗೆಯ ಕೆಳಗೆ ಇಟ್ಟು ಮಲಗಿದರೆ ಆಯಿತು ಎಂದರು. ಹಾಸ್ಟೆಲಿನ ಕಾಲದ ವಿದ್ಯೆ.

ಕೊನೆಗೆ ಹುಡುಗನೇ ಒಂದು ಪಟ್ಟಿ ಮಾಡಿಕೊಟ್ಟ. ಕಪ್ಪು ಪ್ಯಾಂಟು ಒಂದು, ತುಂಬು ತೋಳಿನ ಅಂಗಿ ಎರಡು, ಅಷ್ಟಿದ್ದರೆ ಯಾವ ರಾತ್ರಿಯೂ ಯಾರೂ ತಡೆಯುವುದಿಲ್ಲ. ಮೊದಲ ರಾತ್ರಿ, ಕೊನೆಯ ರಾತ್ರಿ ತಲೆಕೆಡಿಸಿಕೊಳ್ಳಬೇಡಿ, ಆ ಎರಡು ದಿನ ಫಾರ್ಮಲ್ ಇಡುವುದಿಲ್ಲ. ಪೆಟ್ಟಿಗೆ ಬಿಚ್ಚಿರುವುದಿಲ್ಲ, ಇಲ್ಲಾ ಕಟ್ಟಿ ಆಗಿರುತ್ತದೆ, ಹಳೆಯ ಹಡಗುಗಳ ಕಾಲದಿಂದ ಬಂದ ಪದ್ಧತಿ ಅದು. ಬಿಳಿಯ ರಾತ್ರಿ ಮುಂಡು ಉಟ್ಟೇ ಬನ್ನಿ ಮಾಷ್ಟ್ರೇ, ಎಲ್ಲರೂ ನಿಮ್ಮ ಜೊತೆಯೇ ಫೋಟೋ ತೆಗೆಸಿಕೊಳ್ಳುತ್ತಾರೆ, ಡೆಕ್ಕಿನಲ್ಲಿ ಗಾಳಿ ಜಾಸ್ತಿ, ಬೆಲ್ಟು ಕಟ್ಟಿಕೊಳ್ಳಿ. ಮತ್ತೆ ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗೆ ಇಡಬೇಕು, ಅವರೇ ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಹಾಕಿಕೊಳ್ಳುವುದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಮರೆತು ನೈಟ್ ಡ್ರೆಸ್ಸಿನಲ್ಲೇ ಇಳಿದವರು ಇದ್ದಾರೆ.

ಮಾವ ಎಲ್ಲದಕ್ಕೂ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದರು. ಚಪ್ಪಲಿಯ ಹತ್ತಿರ ಬಂದಾಗ ಪೆನ್ನು ನಿಂತಿತು. ರಾತ್ರಿ ಊಟಕ್ಕೆ ಬೆರಳು ಕಾಣುವ ಚಪ್ಪಲಿ ಬೇಡ, ಶೂ ಬೇಕು ಎಂದ ಹುಡುಗ. ಮೂವತ್ತು ವರ್ಷ ಚಪ್ಪಲಿಯಲ್ಲೇ ಪಾಠ ಮಾಡಿದ ಕಾಲು ಅದು. ಅಂತೂ ಒಪ್ಪಿದ್ದಾರೆ. ಶನಿವಾರ ಕಾಸರಗೋಡು ಪೇಟೆಗೆ ಹೋಗಿ ಶೂ ನೋಡುವುದಂತೆ, ನಾನೂ ಬರಬೇಕಂತೆ.