ಕಾರಿನ ಗಾಜಿನ ಮಬ್ಬು ತೆಗೆಯುವ ಆ ಒಂದು ಗುಂಡಿಯನ್ನು ಏಕೆ ಕಿತ್ತಿರಿ?

ಅಭ್ಯಾಸವಾಗುತ್ತದೆಯಂತೆ. ಒಂದು ತಿಂಗಳು ಓಡಿಸಿದರೆ ಎಲ್ಲವೂ ಕೈಗೆ ಹತ್ತುತ್ತದೆಯಂತೆ. ಕಾರು ಕಂಪನಿಗೆ ಫೋನ್ ಮಾಡಿದಾಗ ಆ ತುದಿಯಲ್ಲಿದ್ದ ಮನುಷ್ಯ ಇದನ್ನು ಮೂರು ಸಲ ಹೇಳಿದ. ಮೂರನೆಯ ಸಲ ಹೇಳುವಾಗ ಅವನ ದನಿಯಲ್ಲಿ ನನ್ನ ಬಗ್ಗೆ ಮರುಕವಿತ್ತು. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವನು ನಾನು. ಗಾಜಿನ ಮಬ್ಬು ತೆಗೆಯುವುದನ್ನು ಈಗ ಅಭ್ಯಾಸ ಮಾಡಿಕೊಳ್ಳಬೇಕೇ? ಒದ್ದೆ ಬಟ್ಟೆಯನ್ನೂ ಬದಲಾಯಿಸದೆ ಕುಳಿತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಇವತ್ತು ನಿದ್ದೆ ಹತ್ತುವುದಿಲ್ಲ.

ಗಾಡಿ ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟದ್ದಾಗಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಇದೇ ಸೆಡಾನಿನ ಹಳೆಯ ಮಾದರಿಯನ್ನು ಒಂಬತ್ತು ವರ್ಷ ಓಡಿಸಿ, ತಮ್ಮನಿಗೆ ಕೊಟ್ಟು, ಪರಿಷ್ಕೃತ ಆವೃತ್ತಿ ಬಂದ ಕೂಡಲೇ ಬೇರೆ ಯಾವುದನ್ನೂ ನೋಡದೆ ಇದನ್ನೇ ತಂದವನು ನಾನು. ಎಂಜಿನ್ ಬಗ್ಗೆ ಒಂದು ಮಾತು ಆಡುವಂತಿಲ್ಲ. 48 ವೋಲ್ಟಿನ ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಕೈಜೋಡಿಸುವ ಸಣ್ಣ ವಿದ್ಯುತ್ ಮೋಟಾರು ಸೇರಿಸಿದ್ದಾರೆ. ಸಿಗ್ನಲ್ಲಿನಲ್ಲಿ ಆರಿದ ಎಂಜಿನ್ ಮತ್ತೆ ಚಾಲೂ ಆದದ್ದು ಸ್ಟೀರಿಂಗ್ ಹಿಡಿದ ಕೈಗೆ ಗೊತ್ತೇ ಆಗುವುದಿಲ್ಲ. ಲಾರಿಯನ್ನು ಹಿಂದೆ ಹಾಕಲು ಪೆಡಲ್ ಒತ್ತಿದರೆ, ಟರ್ಬೊ ಎಚ್ಚರಗೊಳ್ಳುವವರೆಗೆ ಹಳೆಯದರಲ್ಲಿ ಕಾಯಬೇಕಿದ್ದ ಆ ಅರೆಕ್ಷಣ ಈಗ ಹೆಚ್ಚುಕಡಿಮೆ ಇಲ್ಲ. ನೂರರ ವೇಗದಲ್ಲಿ ದನಿ ಏರಿಸದೆ ಹಿಂದಿನ ಸೀಟಿನವರೊಡನೆ ಮಾತಾಡಬಹುದು. ಇಷ್ಟೆಲ್ಲ ಮಾಡಲು ಬಂದವರಿಗೆ ಒಂದು ಗುಂಡಿಯನ್ನು ಇದ್ದ ಜಾಗದಲ್ಲೇ ಉಳಿಸಲು ಬರಲಿಲ್ಲವೇ?

ಟೈರಿನ ವಿಷಯದಲ್ಲಿ ಆಗಲೇ ಒಮ್ಮೆ ನುಂಗಿಕೊಂಡಿದ್ದೇನೆ. ಹಳೆಯದಕ್ಕೆ 205/60 ಅಳತೆಯ 16 ಇಂಚಿನ ಟೈರ್ ಇತ್ತು. ಹೊಸದಕ್ಕೆ 225/45 ಅಳತೆಯ 18 ಇಂಚಿನದು. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ನೋಡಲು ಚೆಂದ, ಒಪ್ಪುತ್ತೇನೆ. ಲೆಕ್ಕ ಹಾಕಿದರೆ ಪಕ್ಕದ ರಬ್ಬರಿನ ಎತ್ತರ 123 ಮಿಲಿಮೀಟರಿನಿಂದ 101ಕ್ಕೆ ಇಳಿದಿದೆ. ಆ ಎರಡು ಸೆಂಟಿಮೀಟರ್ ರಬ್ಬರ್ ತಡೆದುಕೊಳ್ಳುತ್ತಿದ್ದ ಹೊಡೆತವನ್ನು ಈಗ ಹಿಂದೆ ಕುಳಿತ ಅಪ್ಪನ ಸೊಂಟ ತಡೆದುಕೊಳ್ಳುತ್ತಿದೆ. ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇಲ್ಲ, ಬದಲಿಗೆ ರಂಧ್ರ ಮುಚ್ಚುವ ದ್ರಾವಣದ ಒಂದು ಡಬ್ಬಿ. ಟೈರಿನ ಪಕ್ಕದ ಗೋಡೆ ಸೀಳಿದರೆ ಆ ದ್ರಾವಣದಿಂದ ಏನೂ ಆಗುವುದಿಲ್ಲ. ಹೋಗಲಿ ಎಂದು ಬಿಟ್ಟೆ. ಅಪ್ಪನೂ ಬಿಡು ಎಂದರು.

ಆದರೆ ಇವತ್ತಿನದನ್ನು ಬಿಡಲಾರೆ.

ಆಸ್ಪತ್ರೆಯ ಬಾಗಿಲಿನಿಂದ ಗಾಡಿಯವರೆಗೆ ಬರುವಷ್ಟರಲ್ಲಿ ನಾಲ್ವರೂ ತೊಪ್ಪೆಯಾಗಿದ್ದೆವು. ನಾಲ್ಕು ಜನರ ಒದ್ದೆ ಬಟ್ಟೆ, ಮುಚ್ಚಿದ ಕಿಟಕಿ, ಹೊರಗೆ ತಣ್ಣನೆಯ ಮಳೆ. ಎರಡು ನಿಮಿಷ ಹೋಗಿರಲಿಲ್ಲ, ಮುಂದಿನ ಗಾಜು ಕೆಳಗಿನಿಂದ ಬೆಳ್ಳಗಾಗತೊಡಗಿತು. ಇದೇನು ಹೊಸ ಸಂಗತಿಯಲ್ಲ. ಒಳಗಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಎಸಿಯು ಗಾಳಿಯ ತೇವ ಹಿಂಡಬೇಕು, ಹೊರಗಿನ ಗಾಳಿ ಒಳಗೆ ಬರಬೇಕು, ಫ್ಯಾನ್ ಪೂರ್ತಿ ಜೋರಾಗಿ ಗಾಜಿಗೆ ಊದಬೇಕು. ಹಳೆಯ ಗಾಡಿಯಲ್ಲಿ ಈ ಮೂರೂ ಒಂದೇ ಗುಂಡಿಯಲ್ಲಿದ್ದವು. ಗೇರಿನಿಂದ ಒಂದು ಗೇಣು ಮೇಲೆ, ಎಡದ ತುದಿಯಲ್ಲಿ. ಒಂಬತ್ತು ವರ್ಷದಲ್ಲಿ ಅದರ ಮೇಲಿನ ಚಿತ್ರ ಸವೆದುಹೋಗಿತ್ತು, ಆದರೂ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಇವತ್ತೂ ಅಲ್ಲಿಗೇ ಹೋಯಿತು. ಅಲ್ಲಿ ನುಣ್ಣನೆಯ ಕಪ್ಪು ಗಾಜು ಮಾತ್ರ ಇತ್ತು.

ಪರದೆಯ ಕೆಳಗಿನ ಪಟ್ಟಿಯಲ್ಲಿ ಫ್ಯಾನಿನ ಚಿತ್ರ ಇರುವುದು ನನಗೆ ಗೊತ್ತಿತ್ತು. ಹತ್ತು ದಿನದಲ್ಲಿ ಅಷ್ಟನ್ನು ಕಲಿತಿದ್ದೆ. ಆದರೆ ಹಿಂದಿನ ರಾತ್ರಿ ತಂತ್ರಾಂಶ ಅಪ್‌ಡೇಟ್ ಆಗಿತ್ತು, ಆ ಚಿತ್ರದ ಜಾಗದಲ್ಲಿ ಸೀಟಿನ ಚಿತ್ರ ಬಂದು ಕುಳಿತಿತ್ತು. ಒತ್ತಿದೆ. ಸೀಟಿನ ಮಸಾಜಿನ ಪುಟ ತೆರೆಯಿತು, ಬೆನ್ನ ಹಿಂದೆ ಏನೋ ಉಬ್ಬಿತು. ಹಿಂದಕ್ಕೆ ಹೋಗಲು ಒತ್ತಿದರೆ ಪರದೆ ಕದಲಲಿಲ್ಲ, ಏಕೆಂದರೆ ಬೆರಳು ಒದ್ದೆ. ಸ್ಪರ್ಶಪರದೆಗೆ ನೀರಿನ ಹನಿ ಯಾವುದು, ಬೆರಳು ಯಾವುದು ಎಂಬ ಗೊಂದಲ. ಪ್ಯಾಂಟಿಗೆ ಒರೆಸಿಕೊಳ್ಳೋಣವೆಂದರೆ ಅದೂ ಒದ್ದೆ. ಅಷ್ಟರಲ್ಲಿ ಸಿಗ್ನಲ್ ಹಸಿರಾಯಿತು. ಹಸಿರಾದದ್ದೂ ನನಗೆ ಕಾಣಲಿಲ್ಲ, ಬೆಳ್ಳನೆಯ ಗಾಜಿನಲ್ಲಿ ಒಂದು ಹಸಿರು ಕಲೆ ಹರಡಿತು, ಅಷ್ಟೇ.

ಹಿಂದಿನಿಂದ ಹಾರ್ನ್. ಒಂದಲ್ಲ, ಹತ್ತು. ಸ್ಟೀರಿಂಗಿನ ಧ್ವನಿಗುಂಡಿ ಒತ್ತಿ, ಗಾಜಿನ ಮಬ್ಬು ತೆಗೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅದು ಹವಾಮಾನ ವರದಿ ಓದತೊಡಗಿತು. ಮಳೆ ಬರುವ ಸಾಧ್ಯತೆ ಇದೆ ಎಂದಿತು.

ಆಗ ಹಿಂದಿನ ಬಾಗಿಲು ತೆರೆದ ಸದ್ದು. ಅಪ್ಪ ಇಳಿದಿದ್ದರು. ಎಪ್ಪತ್ತಾರು ವರ್ಷ, ಮೊಣಕಾಲಿಗೆ ಅರ್ಧ ಗಂಟೆಯ ಹಿಂದಷ್ಟೇ ಇಂಜೆಕ್ಷನ್ ಚುಚ್ಚಿಸಿಕೊಂಡವರು. ಬಾನೆಟ್ಟಿನ ಮೇಲೆ ಕೈ ಊರುತ್ತ ಕುಂಟಿಕೊಂಡು ಮುಂದೆ ಬಂದು, ಜೇಬಿನಿಂದ ಕರವಸ್ತ್ರ ತೆಗೆದು, ಸುರಿಯುವ ಮಳೆಯಲ್ಲಿ ಗಾಜು ಒರೆಸತೊಡಗಿದರು. ಹೊರಗಿನಿಂದ! ಮಬ್ಬು ಇದ್ದದ್ದು ಒಳಗೆ. ಒಳಗಿನಿಂದ ನನಗೆ ಕಂಡದ್ದು ಬೆಳ್ಳನೆಯ ಗಾಜಿನ ಆಚೆ ಅತ್ತಿತ್ತ ಚಲಿಸುವ ಒಂದು ಕೈಯ ನೆರಳು ಮಾತ್ರ. ಅಪ್ಪಾ, ಬೇಡ ಎಂದು ಕೂಗಿದೆ. ಈ ಗಾಡಿಯಲ್ಲಿ ಒಳಗಿನ ಮಾತು ಹೊರಗೆ ಕೇಳುವುದಿಲ್ಲ.

ನಾನು ಇಳಿಯುವಷ್ಟರಲ್ಲಿ ಹಿಂದಿನ ಗಾಡಿಯವನು ಬಂದು ಅಪ್ಪನ ಪಕ್ಕದಲ್ಲಿ ನಿಂತಿದ್ದ. ಅವನು ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಪ್ಪನ ತೋಳು ಹಿಡಿದುಕೊಂಡು, ನನ್ನನ್ನೂ ಗಾಡಿಯನ್ನೂ ಒಮ್ಮೆ ನೋಡಿ, "ಇಷ್ಟು ದೊಡ್ಡ ಗಾಡಿ ಇಟ್ಟುಕೊಂಡು ವಯಸ್ಸಾದವರನ್ನು ಇಳಿಸಿ ಗಾಜು ಒರೆಸುತ್ತೀರಾ?" ಎಂದ. ಅಷ್ಟೇ ಅಂದದ್ದು. ಅಪ್ಪ ಅವನಿಗೆ, "ಇಲ್ಲಪ್ಪ, ಅವನದೇನೂ ತಪ್ಪಿಲ್ಲ, ಹೊಸ ಗಾಡಿ" ಎಂದರು. ನನ್ನ ಪರವಾಗಿ ಅಪ್ಪ ಕ್ಷಮೆ ಕೇಳುವಂತಾಯಿತು. ಶಾಲೆಯ ಮೇಷ್ಟರ ಮುಂದೆ ಕೇಳಿದ್ದರಲ್ಲ, ಅದೇ ದನಿಯಲ್ಲಿ. ನನಗೆ ಐವತ್ತು ತುಂಬಿದೆ.

ಕೊನೆಗೆ ಹೆಂಡತಿ ನಾಲ್ಕೂ ಕಿಟಕಿ ಇಳಿಸಿದಳು. ಗಾಜು ತಿಳಿಯಾಯಿತು. ಮಳೆ ನೇರವಾಗಿ ಸೀಟಿನ ಚರ್ಮದ ಮೇಲೆ, ಅಪ್ಪನ ಮಡಿಲಿನಲ್ಲಿದ್ದ ಎಕ್ಸ್‌ರೇ ಲಕೋಟೆಯ ಮೇಲೆ ಸುರಿಯಿತು. ಮನೆಯವರೆಗೆ ಹಾಗೆಯೇ ಬಂದೆವು. ಯಾರೂ ಮಾತಾಡಲಿಲ್ಲ.

ನನಗೆ ಉತ್ತರ ಬೇಕು. ಈ ಗಾಡಿಯ ಡ್ಯಾಶ್‌ಬೋರ್ಡ್ ರೂಪಿಸಿದವರು ಯಾರೇ ಇರಲಿ, ಅದಕ್ಕೆ ಸಹಿ ಹಾಕಿದವರು ಯಾರೇ ಇರಲಿ, ಹೇಳಿ: ಇದನ್ನು ಒದ್ದೆ ಬೆರಳಿನಿಂದ ಒತ್ತಿ ನೋಡಿದ್ದಿರಾ? ಚಲಿಸುವ ಗಾಡಿಯಲ್ಲಿ, ಮಳೆಯಲ್ಲಿ, ಹಿಂದೆ ಹಾರ್ನ್ ಹೊಡೆಯುತ್ತಿರುವಾಗ? ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. 2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಇದನ್ನು ಅಳೆದು ತೋರಿಸಿತು. ಗಾಜಿನ ಮಬ್ಬು ತೆಗೆಯುವುದೂ ಸೇರಿ ನಾಲ್ಕು ಸಣ್ಣ ಕೆಲಸಗಳು. ಬರೀ ಗುಂಡಿಗಳಿದ್ದ 2005ರ ವೋಲ್ವೊದಲ್ಲಿ 10 ಸೆಕೆಂಡ್ ಹಿಡಿಯಿತು, ಅಷ್ಟರಲ್ಲಿ ಗಾಡಿ 306 ಮೀಟರ್ ಸಾಗಿತ್ತು. ಪರದೆಯ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದದ್ದಕ್ಕೆ 44.6 ಸೆಕೆಂಡ್ ಬೇಕಾಯಿತು. ಅಂದರೆ 1,372 ಮೀಟರ್! ಅಷ್ಟು ದೂರ ಕಣ್ಣು ಮತ್ತೆ ಮತ್ತೆ ರಸ್ತೆ ಬಿಟ್ಟು ಪರದೆಗೆ ಹೋಗುತ್ತದೆ. ಇದನ್ನು ಓದಿದ ಮೇಲೂ ನೀವು ಗುಂಡಿ ಕಿತ್ತಿರಿ.

ಕಾರುಗಳ ಸುರಕ್ಷತೆ ಪರೀಕ್ಷಿಸಿ ನಕ್ಷತ್ರ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ ಎಚ್ಚೆತ್ತುಕೊಂಡಿದೆ. 2026ರಿಂದ ಪೂರ್ತಿ ಐದು ನಕ್ಷತ್ರ ಬೇಕೆಂದರೆ ಕೆಲವಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇರಬೇಕು ಎಂದು ಮೊದಲೇ ಘೋಷಿಸಿತು. ಆಗ ಹೆಸರಿಸಿದ್ದು ಇಂಡಿಕೇಟರ್, ಅಪಾಯದ ದೀಪ, ವೈಪರ್, ಹಾರ್ನ್ ಮತ್ತು ತುರ್ತು ಕರೆ. ಓದಿ ಮೊದಲು ಸಮಾಧಾನವಾಯಿತು. ಮತ್ತೆ ಓದಿದೆ. ಆ ಪಟ್ಟಿಯಲ್ಲಿ ವೈಪರ್ ಇತ್ತು, ಗಾಜಿನ ಒಳಗಿನ ಮಬ್ಬಿನ ಮಾತಿರಲಿಲ್ಲ. ಹೊರಗಿನ ನೀರು ಕಣ್ಣು ಕಟ್ಟಿದರೆ ಅಪಾಯ, ಒಳಗಿನ ನೀರು ಕಟ್ಟಿದರೆ ಅಲ್ಲವೇ?

ಒಮ್ಮೊಮ್ಮೆ ಅನ್ನಿಸುತ್ತದೆ, ಎಷ್ಟೋ ಕಂಪನಿಗಳು ಇದೇ ದಾರಿ ಹಿಡಿದಿರುವಾಗ ನಾನೊಬ್ಬ ಕೂಗಿ ಏನು ಪ್ರಯೋಜನ, ಇದನ್ನು ಬಿಟ್ಟು ಬೇರೆ ಕೊಂಡರೂ ಅದರಲ್ಲೂ ಇದೇ ಪರದೆ ತಾನೇ. ಫೋನಿನವನು ಹೇಳಿದಂತೆ ಕೈಪಿಡಿ ಓದಿ, ಪುಟದ ದಾರಿ ಬಾಯಿಪಾಠ ಮಾಡಿ, ಗಾಡಿಯಲ್ಲಿ ಒಂದು ಒಣ ಬಟ್ಟೆ ಇಟ್ಟುಕೊಂಡರಾಯಿತು. ಇಟ್ಟುಕೊಳ್ಳುತ್ತೇನೆ. ಏಕೆ ಇಟ್ಟುಕೊಳ್ಳಬೇಕು? ಬಾಯಿಪಾಠ ಮಾಡಿದ ದಾರಿಯನ್ನು ಮುಂದಿನ ಅಪ್‌ಡೇಟ್ ಬಂದ ರಾತ್ರಿ ಮತ್ತೆ ಬದಲಾಯಿಸಿದರೆ? ನಾನು ಮಲಗಿರುವಾಗ ನನ್ನ ಗಾಡಿಯೊಳಗೆ ವಸ್ತುಗಳ ಜಾಗ ಬದಲಾಯಿಸುವ ಅಧಿಕಾರ ಅವರಿಗೆ ಯಾರು ಕೊಟ್ಟರು? ಒಪ್ಪಿಗೆಯ ಚೌಕಕ್ಕೆ ಗುರುತು ಹಾಕಿದವನು ನಾನೇ ಎನ್ನುತ್ತಾರೆ. ಹಾಕಿದ್ದೆ, ನಿಜ. ಹಾಕದಿದ್ದರೆ ನಕ್ಷೆಯೇ ತೆರೆಯುತ್ತಿರಲಿಲ್ಲ.

ಬೆಳಿಗ್ಗೆ ಮತ್ತೆ ಫೋನ್ ಮಾಡುತ್ತೇನೆ. ಮಬ್ಬು ತೆಗೆಯುವ ಚಿತ್ರವನ್ನು ಯಾವ ಪುಟ ತೆರೆದಿದ್ದರೂ ಅಳಿಯದಂತೆ ಒಂದೇ ಮೂಲೆಯಲ್ಲಿ ನಿಲ್ಲಿಸಲು ಸಾಧ್ಯವೇ, ಇಲ್ಲವೇ, ಅಷ್ಟನ್ನು ಬರಹದಲ್ಲಿ ಕೊಡಿ ಎಂದು ಕೇಳುತ್ತೇನೆ. ಅಭ್ಯಾಸದ ಮಾತು ಬೇಡ.

ಗುರುವಾರ ಅಪ್ಪನಿಗೆ ಎರಡನೆಯ ಇಂಜೆಕ್ಷನ್ ಇದೆ. ಅವತ್ತಿಗೆ ಹಳೆಯ ಗಾಡಿ ಬೇಕು ಎಂದು ಈಗಷ್ಟೇ ತಮ್ಮನಿಗೆ ಹೇಳಿದೆ. ಏಕೆ ಎಂದು ಕೇಳಿದ. ಮಳೆ ಇದೆ ಎಂದೆ.